ಕಲಬುರಗಿಯಲ್ಲಿ ಒಂದು ಗಂಟೆಯ ಸೈಕಲ್ ದಾರಿ ಹುಡುಕಿಕೊಂಡ ಬಗೆ

ಹೊಸ ಊರಿಗೆ ಬಂದ ಸೈಕಲ್ ಸವಾರರು ಸಾಮಾನ್ಯವಾಗಿ "ಊರಾಚೆ ಯಾವ ರಸ್ತೆ ಚೆನ್ನಾಗಿದೆ?" ಅಂತ ಕೇಳುತ್ತಾರೆ. ನಾನು ಕೇಳುವುದು "ಹಳೇ ಊರು ಯಾವ ಕಡೆ?" ಅಂತ. ದೊಡ್ಡ ಊರಲ್ಲಿ ಊರಾಚೆ ಮುಟ್ಟುವುದಕ್ಕೇ ಅರ್ಧ ಗಂಟೆ ಬೇಕು, ಅದೂ ಲಾರಿಗಳ ಪಕ್ಕದಲ್ಲಿ. ಕೆಲಸಕ್ಕೆ ಹೊರಡುವ ಮುಂಚೆ ಒಂದೇ ಗಂಟೆ ಸಿಗುವವರಿಗೆ ಮನೆ ಬಾಗಿಲಲ್ಲೇ ಶುರುವಾಗಿ ಅಲ್ಲೇ ಮುಗಿಯುವ ದಾರಿ ಬೇಕು. ಹಳೇ ಊರಿನ ರಸ್ತೆಗಳು ಹಗಲು ಎಷ್ಟೇ ಇಕ್ಕಟ್ಟಾಗಿರಲಿ, ಬೆಳಿಗ್ಗೆ ಆರು ಗಂಟೆಗೆ ಸೈಕಲ್ಲಿಗೆ ಅವುಗಳಷ್ಟು ಹೊಂದುವ ರಸ್ತೆ ಬೇರೆ ಇಲ್ಲ.

ಬ್ಯಾಂಕ್ ಕೆಲಸದಲ್ಲಿ ವರ್ಗವಾಗಿ ಹಾಸನದಿಂದ ಕಲಬುರಗಿಗೆ ಬಂದವಳು ನಾನು. ಸ್ಟೇಷನ್ ರಸ್ತೆ ಕಡೆ ಮನೆ ಸಿಕ್ಕಿತು. ಸಾಮಾನಿನ ಜೊತೆ ಸೈಕಲ್ಲೂ ಬಂತು. ಊರಲ್ಲಿ ಯಾರೂ ಪರಿಚಯ ಇರಲಿಲ್ಲ.

ಮೊದಲು ಮೊಬೈಲಲ್ಲಿ ನಕ್ಷೆ ತೆಗೆದು ನಾಲ್ಕು ಜಾಗ ಗುರುತು ಮಾಡಿಕೊಂಡೆ: ಬಹಮನಿಗಳ ಕೋಟೆ, ಅಪ್ಪನ ಕೆರೆ, ಶರಣಬಸವೇಶ್ವರ ಗುಡಿ, ಖ್ವಾಜಾ ಬಂದೇ ನವಾಜ್ ದರ್ಗಾ. ನೋಡಬೇಕಾದ ಜಾಗಗಳು ಅನ್ನುವುದಕ್ಕಿಂತ ಬೇರೆ ಕಾರಣವೂ ಇತ್ತು. ಕೆರೆ, ಗುಡಿ, ದರ್ಗಾ ಇರುವ ಕಡೆ ನಸುಕಿನಲ್ಲೂ ಜನ ಇರುತ್ತಾರೆ. ವಾಕಿಂಗಿಗೆ ಬಂದವರು, ಹೂ ಮಾರುವವರು, ಚಹಾದ ಅಂಗಡಿಯವರು. ಒಬ್ಬಳೇ ಹೋಗುವ ಹೆಂಗಸಿಗೆ ಇದು ಮುಖ್ಯ. ಪೂರ್ತಿ ಖಾಲಿ ರಸ್ತೆ ನನಗೆ ಬೇಡ. ಗಾಡಿ ಕಮ್ಮಿ ಇರಬೇಕು, ಜನ ಇರಬೇಕು.

ಗೂಗಲ್ ಮ್ಯಾಪ್ಸ್‌ನಲ್ಲಿ ಬೈಕಿನ ದಾರಿ ಕೇಳಿದರೆ ಅದು ಬೇಗ ಮುಟ್ಟುವ ದಾರಿ ತೋರಿಸುತ್ತದೆ. ನಮಗೆ ಬೇಕಿರುವುದು ಅದಲ್ಲ ಅಲ್ವಾ? ಸಣ್ಣ ಗಲ್ಲಿಗಳನ್ನು ನೋಡಲು ನಾನು ಓಪನ್ ಸ್ಟ್ರೀಟ್ ಮ್ಯಾಪ್ ಬಳಸುತ್ತೇನೆ. ಸವಾರಿ, ಓಟ ದಾಖಲಿಸುವ ಸ್ಟ್ರಾವಾ ಆ್ಯಪ್‌ನ ಹೀಟ್ ಮ್ಯಾಪ್ ಕೂಡ ನೋಡಬಹುದು. ಜನ ಹೆಚ್ಚು ಓಡಾಡಿ ದಾಖಲಿಸಿದ ದಾರಿಗಳು ಅದರಲ್ಲಿ ಹೊಳೆಯುತ್ತವೆ. ಆದರೆ ಮೊಬೈಲಲ್ಲಿ ದಾಖಲೆ ಇಡುವವರ ದಾರಿ ಮಾತ್ರ ಅಲ್ಲಿ ಕಾಣುತ್ತದೆ. ಹಾಲು ಹಾಕುವವರು, ಪೇಪರ್ ಹಾಕುವ ಹುಡುಗರು ದಿನಾ ಸೈಕಲ್ಲಿನಲ್ಲೇ ತಿರುಗುತ್ತಾರೆ. ಅವರ ದಾರಿ ಯಾವ ನಕ್ಷೆಯಲ್ಲೂ ಹೊಳೆಯುವುದಿಲ್ಲ.

ಅದಕ್ಕೇ ನಕ್ಷೆ ಮುಚ್ಚಿಟ್ಟು ಸೈಕಲ್ ರಿಪೇರಿ ಅಂಗಡಿಗೆ ಹೋದೆ. ಯಾವ ಊರಿಗೆ ಹೋದರೂ ಇದನ್ನು ಮಾತ್ರ ಬಿಡುವುದಿಲ್ಲ. ಸುಮ್ನೆ ಹೋಗಿ ದಾರಿ ಕೇಳಬಾರದು. ಗಾಳಿ ತುಂಬಿಸಿ, ಬ್ರೇಕ್ ಬಿಗಿ ಮಾಡಿಸಿ, ಕೆಲಸ ನಡೆಯುವಾಗ ಕೇಳಬೇಕು. ಅಂಗಡಿಯ ಯಜಮಾನರು ವಯಸ್ಸಾದವರು. ಅಲ್ಲಿದ್ದ ಹುಡುಗರೆಲ್ಲ ಕಾಕಾ ಅಂತಿದ್ದರು, ನಾನೂ ಹಾಗೇ ಕರೆದೆ.

"ಕಾಕಾ, ಬೆಳಿಗ್ಗೆ ಒಂದು ಗಂಟೆ ಸೈಕಲ್ ಹೊಡೀಬೇಕು. ಯಾವ ಕಡೆ ಹೋಗ್ಲಿ?"

"ರಿಂಗ್ ರೋಡಿಗಿ ಹೋಗಬ್ಯಾಡ್ರಿ ಮೇಡಂ, ಲಾರಿ ಭಾಳ. ಮುಂಜಾನಿ ಲಗೂನ ಎದ್ದು ದರ್ಗಾದ ಕಡಿ ಹೋಗ್ರಿ, ಕೋಟಿ ಕಡಿಂದ ಬರ್ರಿ. ಏಳರ ಒಳಗ ಮನಿ ಮುಟ್ರಿ."

"ನಾಯಿ ಕಾಟ ಇದೆಯಾ?"

"ಇರ್ತಾವ್ರಿ. ಜೋರ್ ಹೊಡೀಬ್ಯಾಡ್ರಿ, ಬೆನ್ನ ಹತ್ತತಾವ. ಇಳದು ನಿಂದರ್ರಿ, ತಾವೇ ಹೋಗ್ತಾವ."

ಹೇಳುತ್ತಲೇ ನನ್ನ ಹಿಂದಿನ ಚಕ್ರ ತಿರುಗಿಸಿ, ಟೈರಿನ ಮೇಲೆ ಬೆರಳಾಡಿಸಿ, ಇಷ್ಟುದ್ದದ ಒಂದು ಮುಳ್ಳು ಕಿತ್ತು ಅಂಗೈಯಲ್ಲಿಟ್ಟು ತೋರಿಸಿದರು. ಬಳ್ಳಾರಿ ಜಾಲಿ ಮುಳ್ಳು. ಇನ್ನೂ ಟ್ಯೂಬಿಗೆ ಇಳಿದಿರಲಿಲ್ಲ. ರಸ್ತೆ ಬದಿಯ ಪೊದೆಗಳಿಂದ ಉದುರುವ ಈ ಮುಳ್ಳೇ ಈ ಕಡೆ ಪಂಕ್ಚರಿನ ಮೊದಲ ಕಾರಣ. ಸವಾರಿ ಮುಗಿದ ಮೇಲೆ ಟೈರಿನ ಮೇಲೆ ಹೀಗೆ ಬೆರಳಾಡಿಸುವುದನ್ನು ಅವತ್ತಿನಿಂದ ರೂಢಿ ಮಾಡಿಕೊಂಡಿದ್ದೇನೆ.

ದರ್ಗಾದ ಕಡೆ ಹೋಗಿ ಕೋಟೆ ಕಡೆಯಿಂದ ಬರಬೇಕು ಅಂದರಲ್ಲ, ಆ ದಿಕ್ಕಿನಲ್ಲೇ ಇದೆ ಗುಟ್ಟು. ನಾವು ರಸ್ತೆಯ ಎಡಕ್ಕೆ ಹೋಗುವವರು. ಗುಡಿಗೆ ಪ್ರದಕ್ಷಿಣೆ ಹಾಕುವುದರ ಉಲ್ಟಾ ಸುತ್ತಿದರೆ ಪ್ರತಿ ಸರ್ಕಲ್ಲಿನಲ್ಲೂ ಎಡಕ್ಕೇ ತಿರುಗುತ್ತೇವೆ, ಎದುರು ಬರುವ ಗಾಡಿಗಳಿಗೆ ಅಡ್ಡ ಹೋಗುವ ಪ್ರಮೇಯವೇ ಬರುವುದಿಲ್ಲ. ಸ್ಟೇಷನ್ ಊರಿನ ದಕ್ಷಿಣಕ್ಕಿದೆ. ಅಲ್ಲಿಂದ ಹೀಗೆ ಹೊರಟರೆ ಮೊದಲು ಪೂರ್ವಕ್ಕೆ, ಆಮೇಲೆ ಉತ್ತರಕ್ಕೆ, ಕೊನೆಗೆ ಪಶ್ಚಿಮಕ್ಕೆ ಹೋಗಿ ಇಳಿದು ಬರುತ್ತೇವೆ.

ಇದರಿಂದ ಬಿಸಿಲಿನ ಲೆಕ್ಕವೂ ಸರಿ ಹೋಗುತ್ತದೆ. ಸೂರ್ಯ ಹುಟ್ಟಿದ ಮೇಲೆ ಪೂರ್ವಕ್ಕೆ ಹೋದರೆ ನಮ್ಮ ಕಣ್ಣಿಗೆ ಮಾತ್ರ ಬಿಸಿಲು ಹೊಡೆಯುವುದಲ್ಲ. ನಮ್ಮ ಹಿಂದೆ ಬರುವ ಡ್ರೈವರನ ಕಣ್ಣಿಗೂ ಹೊಡೆಯುತ್ತದೆ. ಅವನಿಗೆ ಸೈಕಲ್ಲು ಕಾಣದೇ ಹೋಗಬಹುದು. ಅದಕ್ಕೇ ಪೂರ್ವದ ಭಾಗವನ್ನು ಸೂರ್ಯ ಹುಟ್ಟುವ ಮುಂಚೆಯೇ ಮುಗಿಸುತ್ತೇನೆ. ಜೂನಿನಲ್ಲಿ ಇಲ್ಲಿ 6 ಗಂಟೆಗೆ ಮೊದಲೇ ಸೂರ್ಯ ಮೂಡುತ್ತಾನೆ, ಜನವರಿಯಲ್ಲಿ 7ಕ್ಕೆ ಸ್ವಲ್ಪ ಮುಂಚೆ. ಹೊರಡುವ ಹೊತ್ತು ಅದಕ್ಕೆ ತಕ್ಕಂತೆ ಬದಲಾಗುತ್ತದೆ. ಹಿಂದೆ ಕೆಂಪು ದೀಪ ಇಲ್ಲದೆ ನಾನು ಹೊರಡುವುದಿಲ್ಲ.

ದಾರಿ ಇಷ್ಟೇ. ಮನೆಯಿಂದ ಶರಣಬಸವೇಶ್ವರ ಗುಡಿ ಕಡೆ, ಅಲ್ಲಿಂದ ದರ್ಗಾ. ಬಂದೇ ನವಾಜರು ತೀರಿಕೊಂಡದ್ದು 1422ರಲ್ಲಿ. ಅದೇ ವರ್ಷ ತೀರಿಕೊಂಡ ಸುಲ್ತಾನ ಫಿರೋಜ್ ಷಾನ ಗೋರಿ ಅಲ್ಲೇ ಹತ್ತಿರದ ಹಫ್ತ್ ಗುಂಬಜ್‌ನಲ್ಲಿದೆ. ಇಲ್ಲಿ ಇಳಿದು ನೀರು ಕುಡಿಯುತ್ತೇನೆ. ಗುಂಬಜುಗಳ ಪೈಕಿ ಅವನದೇ ದೊಡ್ಡದು. ಅದರ ಕಲ್ಲಿನ ಸೂರಿಗೆ ಕೊಟ್ಟ ಆಸರೆಗಳನ್ನು ಗಮನಿಸಿ. ನಮ್ಮ ಗುಡಿಗಳಲ್ಲಿ ಕಾಣುವಂಥ ಕೆತ್ತನೆ. ಕಾರಿನಲ್ಲಿ ಬಂದು ಫೋಟೋ ತೆಗೆದುಕೊಂಡು ಹೋಗುವವರಿಗೆ ಇದು ಕಣ್ಣಿಗೆ ಬೀಳುತ್ತದೋ ಇಲ್ಲವೋ. ದಿನಾ ಅದೇ ಜಾಗದಲ್ಲಿ ನಿಂತು ನೀರು ಕುಡಿಯುವವರಿಗೆ ಬಿದ್ದೇ ಬೀಳುತ್ತದೆ.

ಅಲ್ಲಿಂದ ಪಶ್ಚಿಮಕ್ಕೆ ಕೋಟೆ. 1347ರಲ್ಲಿ ಬಹಮನಿ ರಾಜ್ಯ ಶುರುವಾದಾಗ ರಾಜಧಾನಿ ಆದದ್ದು ಇದೇ ಊರು. ಕೋಟೆಯೊಳಗಿನ ಜಾಮಿ ಮಸೀದಿ 1367ರದು. ಸಾಮಾನ್ಯವಾಗಿ ಮಸೀದಿಗೆ ದೊಡ್ಡ ಅಂಗಳ ಇರುತ್ತದೆ. ಇಲ್ಲಿ ಅಂಗಳವೇ ಇಲ್ಲ, ಪೂರ್ತಿ ಚಾವಣಿ, ಬೆಳಕು ಬರುವುದು ಪಕ್ಕದ ಕಮಾನುಗಳಿಂದ. ಒಳಗೆ ನೋಡುವುದಿದ್ದರೆ ರಜಾ ದಿನ ಬಿಡುವಾಗಿ ಹೋಗಿ. ಬೆಳಗಿನ ಸವಾರಿಗೆ ಕಂದಕದ ಹೊರಗಿನ ರಸ್ತೆಯೇ ಸಾಕು. ಒಂದು ಕಡೆ ಕೋಟೆ ಗೋಡೆ, ಬೆನ್ನಿಗೆ ಆಗ ತಾನೇ ಮೂಡಿದ ಬಿಸಿಲು. ಇಡೀ ದಾರಿಯಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದು.

ಆಮೇಲೆ ಅಪ್ಪನ ಕೆರೆ. ವಾಕಿಂಗ್ ಮಾಡುವವರು ಜಾಸ್ತಿ, ಹಾಗಾಗಿ ಇಲ್ಲಿ ನಿಧಾನ. ಟೈಮ್ ಮಿಕ್ಕಿದ್ದರೆ ಸುಸಲಾ, ಮಿರ್ಚಿ ಭಜಿ ತಿಂದು ಮನೆಗೆ. ನೆನೆಸಿದ ಚುರುಮುರಿಗೆ ಒಗ್ಗರಣೆ ಕೊಟ್ಟ ಸುಸಲಾ ಹಗುರ, ಸೈಕಲ್ ತುಳಿದ ಹೊಟ್ಟೆಗೆ ಹೇಳಿ ಮಾಡಿಸಿದ್ದು. ಮಿರ್ಚಿ ಎಷ್ಟು ಅನ್ನುವುದು ಅವರವರ ಧೈರ್ಯ. ಎಲ್ಲಾ ಸೇರಿ ಹತ್ತು ಕಿಲೋಮೀಟರಿಗೂ ಕಮ್ಮಿ. ಸಾಲದು ಅನ್ನುವವರು ಇನ್ನೊಂದು ಸುತ್ತು ಹೊಡೆಯಲಿ. ಗೊತ್ತಿರುವ ರಸ್ತೆಯಲ್ಲಿ ಎರಡು ಸುತ್ತು, ಗೊತ್ತಿಲ್ಲದ ಹೆದ್ದಾರಿಯಲ್ಲಿ ಇಪ್ಪತ್ತು ಕಿಲೋಮೀಟರಿಗಿಂತ ಎಷ್ಟೋ ಮೇಲು.

ಸೇಡಂ ರಸ್ತೆಯಲ್ಲಿ ಬುದ್ಧ ವಿಹಾರದ ತನಕ ಹೋಗಬಹುದಲ್ಲ ಅಂತ ಆಫೀಸಿನಲ್ಲಿ ಕೆಲವರು ಕೇಳಿದರು. ಜಾಗ ಚೆನ್ನಾಗಿದೆ. ಭಾನುವಾರ ಎರಡು ಗಂಟೆ ಇದ್ದಾಗ ಹೋಗಿ. ಆದರೆ ಸೇಡಂ ಕಡೆ ಸಿಮೆಂಟ್ ಕಾರ್ಖಾನೆಗಳಿವೆ, ಆ ರಸ್ತೆಯಲ್ಲಿ ಲಾರಿ ಇದ್ದದ್ದೇ. ದಿನದ ಸವಾರಿಗೆ ಅದನ್ನು ಹೇಳಲಾರೆ.

ಮಳೆಗಾಲದಲ್ಲಿ ಎರಡು ಕಡೆ ಎಚ್ಚರ ಬೇಕು. ಗಲ್ಲಿಗಳಲ್ಲಿ ಹಾಸಿದ ಶಹಾಬಾದ್ ಕಲ್ಲು ನೆನೆದರೆ ಜಾರುತ್ತದೆ. ಅದರ ಮೇಲೆ ಬ್ರೇಕ್ ಹಿಡಿಯದೆ, ಹ್ಯಾಂಡಲ್ ತಿರುಗಿಸದೆ ನೇರವಾಗಿ ದಾಟಬೇಕು. ಡಾಂಬರು ಬಿಟ್ಟು ಎರೆ ಮಣ್ಣಿಗೆ ಇಳಿಯಲೇಬಾರದು. ಮಣ್ಣು ಚಕ್ರಕ್ಕೂ ಮಡ್‌ಗಾರ್ಡಿಗೂ ಮಧ್ಯೆ ತುಂಬಿಕೊಂಡರೆ ಸೈಕಲ್ಲನ್ನು ಹೊತ್ತುಕೊಂಡೇ ಬರಬೇಕಾಗುತ್ತದೆ. ಏಪ್ರಿಲ್, ಮೇ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಕಾಕಾ ಹೇಳಿದ ಏಳು ಗಂಟೆಯನ್ನು ಆರೂವರೆ ಮಾಡಿಕೊಳ್ಳಿ, ನೀರು ಎರಡು ಬಾಟಲಿ ಇಡಿ. ಹೋಳಿ ಹುಣ್ಣಿಮೆ ಆದ ಮೇಲೆ ಶರಣಬಸವೇಶ್ವರರ ಜಾತ್ರೆ. ದರ್ಗಾದ ಉರುಸು ಹಿಜರಿ ಲೆಕ್ಕದಲ್ಲಿ, ವರ್ಷ ವರ್ಷ ಬೇರೆ ಹೊತ್ತಿಗೆ ಬರುತ್ತದೆ. ಆ ದಿನಗಳಲ್ಲಿ ಸೈಕಲ್ ಮನೆಯಲ್ಲಿಟ್ಟು ನಡೆದೇ ಹೋಗುವುದು ಒಳ್ಳೆಯದು. ಜಾತ್ರೆಯಂತೂ ನೋಡಲೇಬೇಕು.

ಇದೇ ಲೆಕ್ಕ ಬೀದರಿನಲ್ಲೂ ನಡೆಯಿತು. ಬ್ಯಾಂಕಿನ ತರಬೇತಿಗೆ ಅಂತ ಹೋದಾಗ ಅಲ್ಲಿನ ಸಹೋದ್ಯೋಗಿಯ ಸೈಕಲ್ ಕೇಳಿ ತೆಗೆದುಕೊಂಡಿದ್ದೆ. ಅಷ್ಟೂರಿನ ಬಹಮನಿ ಗೋರಿಗಳು ಊರಿನ ಪೂರ್ವಕ್ಕಿವೆ. ಹಾಗಾಗಿ ಕತ್ತಲಿರುವಾಗಲೇ ಆ ಕಡೆ ಹೊರಟು, ಬೆಳಕಾದ ಮೇಲೆ ಬಿಸಿಲಿಗೆ ಬೆನ್ನು ಕೊಟ್ಟು ಊರಿಗೆ ಬಂದೆ. ಆಮೇಲೆ ಊರ ನಡುವಿನ ಹಳೇ ಗೋಪುರ ಚೌಬಾರಾ, ಬಹಮನಿ ಮಂತ್ರಿ ಮಹಮೂದ್ ಗವಾನ 1472ರಲ್ಲಿ ಕಟ್ಟಿಸಿದ ಮದರಸಾ, ಕೊನೆಗೆ ಕೋಟೆ ಬಾಗಿಲು. ಕಲಬುರಗಿಗಿಂತ ಎತ್ತರದ ಊರು, ಗಾಳಿ ತಂಪು, ಸ್ವಲ್ಪ ತಡವಾದರೂ ನಡೆಯುತ್ತದೆ. ಬಿದರಿ ಕೆಲಸದ ಅಂಗಡಿಗಳು ಮಾತ್ರ ಆ ಹೊತ್ತಿಗೆ ತೆರೆದಿರುವುದಿಲ್ಲ. ಹೂಜಿ, ಬಟ್ಟಲು ನೋಡುವ ಆಸೆ ಇದ್ದರೆ ಸಂಜೆ ಇನ್ನೊಮ್ಮೆ ಹೋಗಿ.