ರಜೆ ಆಮೇಲೆ ಬರೆಸಿ, ಟಿಕೆಟ್ ಮೊದಲು ನೋಡಿ: ಬೆಂಗಳೂರಿನಿಂದ ಕಡಿಮೆ ದರದ ವಿದೇಶ ವಿಮಾನ ಹುಡುಕುವ ನನ್ನ ಕ್ರಮ

ಹೆಚ್ಚಿನವರು ಆಫೀಸಿನಲ್ಲಿ ರಜೆ ಬರೆಸಿದ ಮೇಲೆ ಟಿಕೆಟ್ ಹುಡುಕಲು ಕೂರುತ್ತಾರೆ. ಅಷ್ಟು ಹೊತ್ತಿಗೆ ಕೈ ಕಟ್ಟಿಹೋಗಿರುತ್ತದೆ, ಕೇಳಿದಷ್ಟು ಕೊಡಬೇಕು ಅಷ್ಟೇ. ನಾನು ಮೊದಲು ನಿಗದಿ ಮಾಡುವುದು ಎರಡೇ ಸಂಗತಿ: ಎಷ್ಟು ರಾತ್ರಿ, ತಲೆಗೆ ಹೆಚ್ಚೆಂದರೆ ಎಷ್ಟು ರೂಪಾಯಿ. ಯಾವ ವಾರ, ಯಾವ ಏರ್‌ಪೋರ್ಟ್, ಕೆಲವು ಸಲ ಯಾವ ದೇಶ ಅನ್ನುವುದನ್ನೂ ದರಕ್ಕೇ ಬಿಟ್ಟುಬಿಡುತ್ತೇನೆ.

ಶುರು ಗೂಗಲ್ ಫ್ಲೈಟ್ಸ್‌ನಿಂದ. ಹೊರಡುವ ಊರಿನ ಖಾನೆಯಲ್ಲಿ ಬೆಂಗಳೂರು ಒಂದನ್ನೇ ಹಾಕಬೇಡಿ, ಏಳು ಏರ್‌ಪೋರ್ಟ್‌ಗಳವರೆಗೆ ಸೇರಿಸಬಹುದು. ಆಗ್ನೇಯ ಏಷ್ಯಾಕ್ಕಾದರೆ ಬೆಂಗಳೂರು, ಚೆನ್ನೈ, ತಿರುಚಿರಾಪಳ್ಳಿ, ಕೊಚ್ಚಿ ಸೇರಿಸುತ್ತೇನೆ. ಗಲ್ಫ್‌ಗಾದರೆ ಮಂಗಳೂರು, ಕಣ್ಣೂರು. ತಲುಪುವ ಊರು ಇನ್ನೂ ತೀರ್ಮಾನವಾಗಿಲ್ಲದಿದ್ದರೆ ‘ಎಕ್ಸ್‌ಪ್ಲೋರ್’ ನಕಾಶೆ ತೆರೆದು, ದಿನಾಂಕದ ಬದಲು ತಿಂಗಳು ಆರಿಸಿ ‘ಒಂದು ವಾರ’ ಎಂದು ಕೊಟ್ಟರೆ ಪ್ರತಿ ಊರಿನ ಮೇಲೂ ದರ ಬರೆದಿರುತ್ತದೆ. ಸ್ಕೈಸ್ಕ್ಯಾನರ್‌ನ ‘ಎವ್ರಿವೇರ್’ ಮಾಡುವುದೂ ಇದನ್ನೇ. ಎರಡನ್ನೂ ನೋಡುತ್ತೇನೆ, ಒಂದರಲ್ಲಿ ಕಾಣದ ಕಂಪನಿ ಇನ್ನೊಂದರಲ್ಲಿ ಸಿಗುವುದುಂಟು.

ಊರು ಗೊತ್ತಾದ ಮೇಲೆ, ದಿನದಿನದ ದರ ತೋರಿಸುವ ಗೂಗಲ್ ಫ್ಲೈಟ್ಸ್‌ನ ‘ಪ್ರೈಸ್ ಗ್ರಾಫ್’. ಪ್ರವಾಸದ ಅವಧಿಯನ್ನು 9 ದಿನ ಎಂದು ಕಟ್ಟಿಹಾಕಿ ಗ್ರಾಫನ್ನು ಎರಡು ತಿಂಗಳು ಮುಂದಕ್ಕೆ ಸರಿಸುತ್ತಾ ಹೋದರೆ ತಗ್ಗುಗಳು ಕಾಣುತ್ತವೆ. ತಗ್ಗು ಸಿಕ್ಕಲ್ಲಿ ‘ಡೇಟ್ ಗ್ರಿಡ್’ ತೆರೆಯಿರಿ. ಒಂದು ಬದಿಗೆ ಹೋಗುವ ದಿನ, ಇನ್ನೊಂದು ಬದಿಗೆ ಬರುವ ದಿನ. ಎಲ್ಲಕ್ಕಿಂತ ಕಡಿಮೆ ಇರುವ ಒಂಟಿ ಚೌಕದ ಮೇಲೆ ನನಗೆ ನಂಬಿಕೆ ಕಡಿಮೆ. ಅದು ಹಳೆಯ ದರವಾಗಿದ್ದು, ಒತ್ತಿದ ಕೂಡಲೇ ಏರಿಬಿಡಬಹುದು. ಅಕ್ಕಪಕ್ಕದ ನಾಲ್ಕೈದು ಚೌಕಗಳಲ್ಲಿ ಒಂದೇ ದರ ಇದ್ದರೆ ಆ ದರದ ಸೀಟುಗಳು ಸಾಕಷ್ಟಿವೆ ಎಂದು ಅರ್ಥ. ಅಲ್ಲಿಗೆ ರಜೆ ಹೊಂದಿಸಿಕೊಳ್ಳುತ್ತೇನೆ.

ದರ ಹೀಗೆ ಕುಣಿಯುವುದು ಯಾಕೆ ಅಂದರೆ, ಎಕಾನಮಿಯ ಸೀಟೆಲ್ಲ ನೋಡಲು ಒಂದೇ ಆದರೂ ಕಂಪನಿ ಅವನ್ನು ಅಕ್ಷರಗಳ ಹೆಸರಿನ ಹತ್ತಾರು ದರ್ಜೆಗಳಾಗಿ ಹಂಚಿಟ್ಟಿರುತ್ತದೆ. ಅಗ್ಗದ ದರ್ಜೆ ಖಾಲಿಯಾದರೆ ಮುಂದಿನದು ತೆರೆಯುತ್ತದೆ. ‘ಎರಡು ಸಲ ಹುಡುಕಿದ್ದಕ್ಕೆ ಜಾಸ್ತಿ ಮಾಡಿದರು, ಹಿಂದಿನ ಹುಡುಕಾಟ ನೆನಪಿಡದ ಇನ್‌ಕಾಗ್ನಿಟೋ ಕಿಟಕಿಯಲ್ಲಿ ನೋಡಬೇಕು’ ಅನ್ನುವ ಮಾತಿನ ಹಿಂದೆ ಇರುವುದೂ ಸಾಮಾನ್ಯವಾಗಿ ಇದೇ. ನಾನು ಅದಕ್ಕೆ ತಲೆಕೆಡಿಸಿಕೊಳ್ಳುವುದಿಲ್ಲ.

ತಲೆಕೆಡಿಸಿಕೊಳ್ಳಬೇಕಾದ್ದು ಬೇರೆ. ನಾಲ್ಕು ಜನಕ್ಕೆ ಒಟ್ಟಿಗೆ ಹುಡುಕಿದಾಗ ಅಗ್ಗದ ದರ್ಜೆಯಲ್ಲಿ ಎರಡೇ ಸೀಟಿದ್ದರೆ ಸಾಮಾನ್ಯವಾಗಿ ನಾಲ್ವರಿಗೂ ಮೇಲಿನ ದರವೇ ಬೀಳುತ್ತದೆ. ಒಂದು ಲೆಕ್ಕ ಇಟ್ಟುಕೊಳ್ಳಿ: ಕೆಳಗಿನ ದರ 18,000, ಮೇಲಿನದು 23,000. ಒಟ್ಟಿಗೆ ತೆಗೆದರೆ 92,000. ಎರಡೆರಡಾಗಿ ತೆಗೆದರೆ 82,000. ಆದ್ದರಿಂದ ಮೊದಲು ಒಬ್ಬರಿಗೆ, ಆಮೇಲೆ ಇಬ್ಬರಿಗೆ, ಮೂವರಿಗೆ ಎಂದು ಏರಿಸುತ್ತಾ ದರ ಎಲ್ಲಿ ಜಿಗಿಯುತ್ತದೆ ನೋಡಿ. ಒಡೆದು ಬುಕ್ ಮಾಡಿದರೆ ಎರಡು ಪಿಎನ್‌ಆರ್ ಆಗುತ್ತದೆ. ಕಂಪನಿಗೆ ಫೋನ್ ಮಾಡಿ ಎರಡನ್ನೂ ಜೋಡಿಸಲು ಹೇಳಿ. ಮಕ್ಕಳಿದ್ದರೆ ಪ್ರತಿ ಮಗುವೂ ಒಬ್ಬ ದೊಡ್ಡವರ ಪಿಎನ್‌ಆರ್‌ನಲ್ಲೇ ಇರಬೇಕು.

ಯಾವ ತಿಂಗಳು ಅನ್ನುವುದಕ್ಕೆ ನನ್ನ ಒಂದೇ ಸೂತ್ರ: ಜನ ಯಾವ ಕಡೆ ಹರಿಯುತ್ತಿದ್ದಾರೋ ಅದರ ಎದುರು ದಿಕ್ಕು. ಇದು ಚೆನ್ನಾಗಿ ಕಾಣುವುದು ಮಂಗಳೂರು–ಗಲ್ಫ್ ದಾರಿಯಲ್ಲಿ. ಅಲ್ಲಿನ ಶಾಲೆಗಳಿಗೆ ಬೇಸಿಗೆ ರಜೆ ಬೀಳುವ ಜೂನ್ ಕೊನೆ, ಜುಲೈ ಮೊದಲಲ್ಲಿ ದುಬೈಯಿಂದ ಮಂಗಳೂರಿಗೆ ಬರುವ ಸೀಟು ಚಿನ್ನದ ಬೆಲೆ. ಅದೇ ವಾರ ಮಂಗಳೂರಿನಿಂದ ಹೋಗುವ ವಿಮಾನದಲ್ಲಿ ಜಾಗ ಉಳಿದಿರುತ್ತದೆ. ಆಗಸ್ಟ್ ಕೊನೆಗೆ ಎಲ್ಲ ತಿರುಗುಮುರುಗು. ದುಬೈಯಲ್ಲಿರುವವರು ಊರಿನಿಂದ ಅತ್ತೆ ಮಾವನನ್ನು ಜುಲೈ ಮೊದಲಲ್ಲಿ ಕರೆಸಿಕೊಂಡು ಆಗಸ್ಟ್ ಮಧ್ಯದೊಳಗೆ ಕಳಿಸಿಕೊಡುವುದಾದರೆ ಅಲೆ ಎರಡು ಸಲವೂ ತಪ್ಪುತ್ತದೆ. ಅಲ್ಲಿನ ಸೆಕೆ ಮಾತ್ರ ತಪ್ಪುವುದಿಲ್ಲ.

ಬೆಂಗಳೂರಿನಿಂದ ಪೂರ್ವಕ್ಕೆ ಹೋಗುವವರಿಗೆ ಏಪ್ರಿಲ್–ಮೇ, ದಸರಾ ರಜೆ, ಡಿಸೆಂಬರ್ ಕೊನೆಯ ಎರಡು ವಾರ ದುಬಾರಿ. ಶಾಲೆ ಶುರುವಾದ ಮೇಲಿನ ಜೂನ್ ಮಧ್ಯದಿಂದ ಆಗಸ್ಟ್‌ವರೆಗೆ, ಮತ್ತೆ ಜನವರಿ ಮಧ್ಯದಿಂದ ಮಾರ್ಚ್‌ವರೆಗೆ ಹುಡುಕಿ. ನಡುವೆ ಚೀನೀ ಹೊಸ ವರ್ಷದ ವಾರ ಬಿಡಿ, ಕೌಲಾಲಂಪುರ, ಸಿಂಗಪುರ ಎರಡೂ ತುಂಬಿರುತ್ತವೆ. ಅಗ್ಗ ಎಂದರೆ ಅಲ್ಲಿ ಮಳೆಯೋ ಎಂದೂ ನೋಡಿ: ವಿಯೆಟ್ನಾಂನ ಡನಾಂಗ್‌ಗೆ ಅಕ್ಟೋಬರ್–ನವೆಂಬರ್ ಜೋರು ಮಳೆ. ಬಾಲಿಗೆ ಮಾತ್ರ ನಮ್ಮ ಮಳೆಗಾಲವೇ ಒಣ ಹವೆ.

ಟಿಕೆಟ್ ಹೋಗಿಬರುವುದೋ, ಒಂದು ಕಡೆಯದೋ? ಏರ್ ಏಷ್ಯಾದಂಥ ಅಗ್ಗದ ಕಂಪನಿಗಳಲ್ಲಿ ಎರಡು ಬಿಡಿ ಟಿಕೆಟ್ ಸೇರಿದರೆ ಹೋಗಿಬರುವ ದರ, ಅಷ್ಟೇ. ಹಾಗಾಗಿ ಹೋಗುವುದು ಚೆನ್ನೈಯಿಂದ, ಬರುವುದು ನೇರ ಬೆಂಗಳೂರಿಗೆ ಎಂದು ಬೆರೆಸಬಹುದು. ಯುರೋಪು, ಅಮೆರಿಕಕ್ಕೆ ಹೋಗುವ ದೊಡ್ಡ ಕಂಪನಿಗಳಲ್ಲಿ ಒಂದು ಕಡೆಯ ಟಿಕೆಟ್ಟೇ ಹೋಗಿಬರುವುದರ ಹತ್ತಿರ ಬರುವುದುಂಟು. ಅಲ್ಲಿ ‘ಮಲ್ಟಿ ಸಿಟಿ’ಯಲ್ಲಿ ರೋಮ್‌ಗೆ ಇಳಿದು ಪ್ಯಾರಿಸ್‌ನಿಂದ ಹತ್ತುವಂತೆ ಹಾಕಿ. ದರ ಹೆಚ್ಚು ಬದಲಾಗದೆ ವಾಪಸ್ ರೋಮ್‌ಗೆ ಬರುವ ಖರ್ಚು ಉಳಿಯುತ್ತದೆ. ಇಂಥ ಟಿಕೆಟ್‌ನಲ್ಲಿ ಮೊದಲ ವಿಮಾನ ಹತ್ತದೆ ಹೋದರೆ ಉಳಿದದ್ದೆಲ್ಲ ರದ್ದಾಗುತ್ತದೆ ಎಂಬುದು ನೆನಪಿರಲಿ.

ಇಲ್ಲಿಗೆ ಸಿಕ್ಕಿದ್ದು ಪರದೆಯ ದರ. ನಿಜವಾದ ದರಕ್ಕೆ ಹಾಳೆಯ ಮೇಲೆ ಕೂಡಿಸಬೇಕು. ಏರ್ ಏಷ್ಯಾದ ಮೂಲ ದರದಲ್ಲಿ ಕೈಚೀಲ 7 ಕೆಜಿ ಮಾತ್ರ, ಊಟವಿಲ್ಲ. ಲಗೇಜು ಬೇಕಿದ್ದರೆ ಬುಕ್ ಮಾಡುವಾಗಲೇ ಕೊಳ್ಳಿ, ಕೌಂಟರಿನಲ್ಲಿ ತುಂಬ ದುಬಾರಿ. ವಿದೇಶಿ ಕರೆನ್ಸಿಯಲ್ಲಿ ಕಾರ್ಡ್ ಉಜ್ಜಿದರೆ ನಮ್ಮ ಬಹಳಷ್ಟು ಕಾರ್ಡುಗಳು 3.5 ಶೇಕಡ, ಅದರ ಮೇಲೆ 18 ಶೇಕಡ ಜಿಎಸ್‌ಟಿ ಹಾಕುತ್ತವೆ. ಒಟ್ಟು 4.13 ಶೇಕಡ, ಅಂದರೆ 40,000ದ ಟಿಕೆಟ್‌ಗೆ 1,652 ರೂಪಾಯಿ. ವೆಬ್‌ಸೈಟಿನಲ್ಲಿ ದೇಶವನ್ನು ಭಾರತ ಎಂದು ಬದಲಿಸಿ ರೂಪಾಯಿಯಲ್ಲೇ ಕಟ್ಟಿ. ಚೆನ್ನೈಯಿಂದ ಹೊರಡುವುದಾದರೆ ರೈಲಿನ ಖರ್ಚು, ಬೆಳಗಿನ ಜಾವದ ವಿಮಾನವಾದರೆ ಒಂದು ರಾತ್ರಿಯ ರೂಮು. ಇಷ್ಟಾದ ಮೇಲೂ ತಲೆಗೆ ಮೂರು ಸಾವಿರ ಉಳಿಯದಿದ್ದರೆ ನಾನು ಬೆಂಗಳೂರು ಬಿಟ್ಟು ಕದಲುವುದಿಲ್ಲ. ಸೆಂಟ್ರಲ್‌ನಲ್ಲಿ ಇಳಿದು ಮೆಟ್ರೋ ಹಿಡಿದರೆ ನೇರ ಚೆನ್ನೈ ಏರ್‌ಪೋರ್ಟ್, ಅಷ್ಟು ಸುಲಭವಿದ್ದೂ.

ಎರಡು ಬೇರೆ ಟಿಕೆಟ್ ಜೋಡಿಸುವುದರಲ್ಲಿ ಹೆಚ್ಚು ಹಣ ಉಳಿಯುವುದೂ ಉಂಟು, ಹೆಚ್ಚು ಎಡವಟ್ಟಾಗುವುದೂ ಅಲ್ಲೇ. ಕೌಲಾಲಂಪುರದವರೆಗೆ ಒಂದು, ಅಲ್ಲಿಂದ ಮುಂದಕ್ಕೆ ಇನ್ನೊಂದು ತೆಗೆದಿರೆಂದರೆ ಮೊದಲ ವಿಮಾನ ತಡವಾದರೆ ಎರಡನೆಯವರಿಗೆ ಸಂಬಂಧವಿಲ್ಲ. ಲಗೇಜು ಸಹ ತಾನಾಗಿ ಹೋಗುವುದಿಲ್ಲ. ನೀವು ಇಮಿಗ್ರೇಶನ್ ದಾಟಿ ಹೊರಬಂದು, ಬ್ಯಾಗು ತೆಗೆದುಕೊಂಡು ಮತ್ತೆ ಚೆಕ್‌ಇನ್ ಮಾಡಬೇಕು, ಅಂದರೆ ಆ ದೇಶದೊಳಗೆ ಹೋಗಲು ಅನುಮತಿ ಬೇಕು. ಮಲೇಷ್ಯಾ 2023ರ ಡಿಸೆಂಬರ್‌ನಿಂದ ಭಾರತೀಯರಿಗೆ 30 ದಿನ ವೀಸಾ ಇಲ್ಲದೆ ಬಿಡುತ್ತಿದೆ, 2026ರ ಕೊನೆಯವರೆಗೆ ವಿಸ್ತರಿಸಿದೆ. ಅದಕ್ಕೇ ಈ ಜೋಡಣೆಗೆ ಕೌಲಾಲಂಪುರವೇ ವಾಸಿ. ತಲುಪುವುದಕ್ಕೆ ಮುಂಚಿನ ಮೂರು ದಿನದೊಳಗೆ ಅವರ ಡಿಜಿಟಲ್ ಅರೈವಲ್ ಕಾರ್ಡ್ ತುಂಬಿ. ಮಲೇಷ್ಯಾ ಏರ್‌ಲೈನ್ಸ್ ಟರ್ಮಿನಲ್ 1, ಏರ್ ಏಷ್ಯಾ ಟರ್ಮಿನಲ್ 2, ನಡುವೆ ಮೂರು ನಿಮಿಷದ ರೈಲು. ನಾನು ಐದು ಗಂಟೆಗಿಂತ ಕಡಿಮೆ ಅಂತರ ಇಡುವುದಿಲ್ಲ, ದಿನದ ಕೊನೆಯ ವಿಮಾನಕ್ಕಂತೂ ಜೋಡಿಸುವುದೇ ಇಲ್ಲ. ಬ್ಯಾಂಕಾಕ್‌ನಲ್ಲಿ ಡಾನ್ ಮುವಾಂಗ್, ಸುವರ್ಣಭೂಮಿ ಎರಡು ಏರ್‌ಪೋರ್ಟ್ ಊರಿನ ಎರಡು ದಿಕ್ಕಿಗಿವೆ, ಟಿಕೆಟ್‌ನಲ್ಲಿ ಯಾವುದು ಎಂದು ಓದಿಕೊಳ್ಳಿ. ಅಮೆರಿಕದಲ್ಲಿ ಬರೀ ವಿಮಾನ ಬದಲಿಸುವುದಕ್ಕೂ ವೀಸಾ ಬೇಕು.

ಕೊಳ್ಳುವುದು ಕಂಪನಿಯ ವೆಬ್‌ಸೈಟಿನಲ್ಲೇ. ಮಧ್ಯವರ್ತಿ ಆ್ಯಪ್ ಐನೂರು ರೂಪಾಯಿ ಕಡಿಮೆ ತೋರಿಸಬಹುದು, ದಿನಾಂಕ ಬದಲಿಸಬೇಕಾದಾಗ ಕಂಪನಿ ಏಜೆಂಟರನ್ನು ಕೇಳಿ ಅನ್ನುತ್ತದೆ, ಏಜೆಂಟರು ಕಂಪನಿಯನ್ನು ಕೇಳಿ ಅನ್ನುತ್ತಾರೆ. ದುಡ್ಡು ಕಟ್ಟಿದ ಮೇಲೆ ಆರಕ್ಷರದ ಪಿಎನ್‌ಆರ್ ನೋಡಿ ಸುಮ್ಮನಾಗಬೇಡಿ, 13 ಅಂಕಿಯ ಇ-ಟಿಕೆಟ್ ಸಂಖ್ಯೆ ಬಂದಿದೆಯೇ ನೋಡಿ. ಏರ್ ಇಂಡಿಯಾದ್ದು 098ರಿಂದ, ಎಮಿರೇಟ್ಸ್‌ನದು 176ರಿಂದ ಶುರುವಾಗುತ್ತದೆ. ಕೆಲವು ಅಗ್ಗದ ಕಂಪನಿಗಳು ಈ ಸಂಖ್ಯೆ ಕೊಡುವುದಿಲ್ಲ. ದೊಡ್ಡ ಕಂಪನಿಯದು ಬರದಿದ್ದರೆ ಸೀಟು ಕಾದಿರಿಸಿದ್ದಾರೆ, ಟಿಕೆಟ್ ಮಾಡಿಲ್ಲ. ಹೆಸರು ಪಾಸ್‌ಪೋರ್ಟ್‌ನಲ್ಲಿ ಇದ್ದಂತೆಯೇ ಇರಲಿ. ನಮ್ಮಲ್ಲಿ ಸರ್‌ನೇಮ್ ಖಾನೆ ಖಾಲಿ ಇರುವವರು ಬಹಳ. ಯುಎಇ 2022ರ ನವೆಂಬರ್‌ನಿಂದ ಒಂಟಿ ಹೆಸರಿನವರಿಗೆ ವಿಸಿಟ್ ವೀಸಾದಲ್ಲಿ ಪ್ರವೇಶ ನಿಲ್ಲಿಸಿದೆ. ಪಾಸ್‌ಪೋರ್ಟ್‌ನ ಎರಡನೇ ಪುಟದಲ್ಲಿ ತಂದೆಯ ಅಥವಾ ಮನೆತನದ ಹೆಸರಿದ್ದರೆ ಒಪ್ಪುತ್ತಾರೆ.

ಅಮೆರಿಕಕ್ಕೆ ಹೋಗುವ ಟಿಕೆಟ್‌ಗೆ ಒಂದು ಅನುಕೂಲ: ಪ್ರಯಾಣಕ್ಕೆ ಏಳು ದಿನ ಮೊದಲು ಕಂಪನಿಯಿಂದಲೇ ಕೊಂಡಿದ್ದರೆ, 24 ಗಂಟೆಯೊಳಗೆ ದಂಡವಿಲ್ಲದೆ ರದ್ದು ಮಾಡುವ ಅವಕಾಶವನ್ನೋ, ದುಡ್ಡು ಕಟ್ಟದೆ ಅಷ್ಟೇ ಹೊತ್ತು ದರ ಹಿಡಿದಿಡುವ ಅವಕಾಶವನ್ನೋ ಕೊಡಬೇಕೆಂದು ಅಲ್ಲಿನ ನಿಯಮ. ಒಳ್ಳೆ ದರ ಕಂಡರೆ ಕೊಂಡುಬಿಟ್ಟು, ಆಮೇಲೆ ಮನೆಯಲ್ಲಿ ಕೇಳಬಹುದು.

ಬುಕ್ ಮಾಡಿದ ಮೇಲೂ, ದರ ಏರಿಳಿದರೆ ತಿಳಿಸುವ ಗೂಗಲ್ ಫ್ಲೈಟ್ಸ್‌ನ ‘ಟ್ರ್ಯಾಕ್ ಪ್ರೈಸಸ್’ ಅನ್ನು ಆನ್ ಆಗಿಯೇ ಬಿಟ್ಟಿರುತ್ತೇನೆ. ಮೂರು ನಾಲ್ಕು ತಿಂಗಳು ಮೊದಲೇ ಕೊಂಡ ಟಿಕೆಟ್‌ನ ವೇಳೆಯನ್ನು ಕಂಪನಿಯೇ ಬದಲಿಸುವುದು ಅಪರೂಪವಲ್ಲ. ಅದನ್ನು ತಿಳಿಸಲು ಕಂಪನಿ ಕಳಿಸುವ ಇಮೇಲ್‌ನಲ್ಲಿರುವ ‘ಒಪ್ಪಿದೆ’ ಗುಂಡಿ ಕೂಡಲೇ ಒತ್ತಬೇಡಿ. ಬದಲಾವಣೆ ಕೆಲವು ಗಂಟೆಗಳಷ್ಟಿದ್ದರೆ ಹೆಚ್ಚಿನ ಕಂಪನಿಗಳು ದಂಡವಿಲ್ಲದೆ ಬೇರೆ ದಿನ ಕೊಡುತ್ತವೆ, ಇಲ್ಲವೇ ಪೂರ್ತಿ ಹಣ ವಾಪಸ್ ಮಾಡುತ್ತವೆ. ಮೊದಲು ಗ್ರಿಡ್ ತೆರೆದು ಅಕ್ಕಪಕ್ಕದ ದಿನಗಳ ನೇರ ವಿಮಾನ ಯಾವುದಿದೆ ನೋಡಿಕೊಂಡು, ಅದರ ನಂಬರ್ ಬರೆದಿಟ್ಟುಕೊಂಡು ಫೋನ್ ಮಾಡಿ.