ಆ್ಯಪ್‌ನಲ್ಲಿ ಒಂದು ‘ಭಯ’ ಬಟನ್: ಆಟಿಸಂ ಇರುವ ಪುಟ್ಟ ಮಕ್ಕಳ ಜೊತೆ ನನ್ನ ಅನುಭವ

“ಮೇಡಂ, ಮಗುಗೆ ಖುಷಿ, ಸಿಟ್ಟು, ಭಯ ಎಲ್ಲ ಹೇಳಿಕೊಡೋಕೆ ಯಾವ ಆ್ಯಪ್ ಹಾಕಲಿ?” ಅಂತ ಅಪ್ಪ ಅಮ್ಮಂದಿರು ನನ್ನನ್ನು ತುಂಬಾ ಕೇಳುತ್ತಾರೆ. ನಾನು ಮೈಸೂರಿನಲ್ಲಿ ಸ್ಪೀಚ್ ಥೆರಪಿಸ್ಟ್. ನನ್ನ ಹತ್ತಿರ ಬರುವವರಲ್ಲಿ ಹೆಚ್ಚಿನವರು ಮೂರರಿಂದ ಆರು ವರ್ಷದ, ಆಟಿಸಂ ಇರುವ ಮಕ್ಕಳು. ಕೆಲವರು ಒಂದೆರಡು ಪದ ಆಡುತ್ತಾರೆ, ಕೆಲವರು ಕೇಳಿದ್ದನ್ನೇ ತಿರುಗಿ ಹೇಳುತ್ತಾರೆ, ಕೆಲವರು ಇನ್ನೂ ಮಾತೇ ಶುರು ಮಾಡಿಲ್ಲ. ಆ್ಯಪ್ ಹೆಸರು ಹೇಳಿ ಕಳಿಸುವುದು ಸುಲಭ. ಆದರೆ ಅದನ್ನು ಮನೆಯಲ್ಲಿ ಯಾರು ಒತ್ತುತ್ತಾರೆ, ಯಾವಾಗ ಒತ್ತುತ್ತಾರೆ, ಒತ್ತಿದ ಮೇಲೆ ಏನಾಗುತ್ತದೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಹಾಗಾಗಿ ನಾನು ಮಾಡುವುದನ್ನು ಬಿಡಿಸಿ ಬರೆಯುತ್ತೇನೆ.

ಪ್ಲೇ ಸ್ಟೋರ್‌ನಲ್ಲಿ ಹುಡುಕಿದರೆ ಮೊದಲು ಸಿಗುವುದು ಮುಖ ಗುರುತಿಸುವ ಆಟಗಳು. ನಾಲ್ಕು ಕಾರ್ಟೂನ್ ಮುಖ ಇರುತ್ತವೆ, ಸಿಟ್ಟಾದ ಮುಖ ಯಾವುದು ಅಂತ ಇಂಗ್ಲಿಷಿನಲ್ಲಿ ಕೇಳುತ್ತದೆ, ಸರಿಯಾಗಿ ಒತ್ತಿದರೆ ಚಪ್ಪಾಳೆ, ಬಲೂನು. ನಮ್ಮ ಮಕ್ಕಳು ಇದನ್ನು ಬೇಗ ಗೆಲ್ಲುತ್ತಾರೆ. ಎಷ್ಟೋ ಮಕ್ಕಳ ಕಣ್ಣು ಬಹಳ ಚುರುಕು, ಹುಬ್ಬು ಓರೆಯಾಗಿದ್ದರೆ ಇದನ್ನು ಒತ್ತಬೇಕು ಅಂತ ಹಿಡಿದುಬಿಡುತ್ತಾರೆ. ಅದೇ ಮಗುವಿನ ಕೈಯಿಂದ ತಂಗಿ ಕಾರು ಕಿತ್ತುಕೊಂಡಾಗ ಆ ಪದ ಬರುವುದಿಲ್ಲ, ಗೋಡೆಗೆ ತಲೆ ಚಚ್ಚಿಕೊಳ್ಳುತ್ತದೆ. ಪರದೆ ಮೇಲಿನ ಹುಬ್ಬಿಗೂ ತನ್ನ ಎದೆಯೊಳಗೆ ಆಗುತ್ತಿರುವುದಕ್ಕೂ ಏನು ಸಂಬಂಧ ಅಂತ ಅದಕ್ಕೆ ಯಾರೂ ತೋರಿಸಿಲ್ಲ ಅಲ್ವಾ? ಬೇರೆಯವರ ಮುಖ ಓದುವುದು ಆಮೇಲಿನ ಮಾತು. ತನಗೇನಾಗುತ್ತಿದೆ ಅಂತ ಹೇಳಿಕೊಳ್ಳುವ ಪದ ಮೊದಲು ಬೇಕು.

ಅದಕ್ಕೇ ನಾನು ಮಾತಿಗೆ ನೆರವಾಗುವ ಆ್ಯಪ್‌ಗಳನ್ನೇ ಹಿಡಿದುಕೊಂಡಿದ್ದೇನೆ. ಚಿತ್ರ ಒತ್ತಿದರೆ ದನಿ ಬರುವಂಥವು. ಚೆನ್ನೈನಲ್ಲಿ ಹುಟ್ಟಿದ ಆವಾಜ್ ಇದೆ, ಐಐಟಿ ಬಾಂಬೆಯ ವಿನ್ಯಾಸ ವಿಭಾಗದವರು ಮಾಡಿದ ಜೆಲ್ಲೋ ಇದೆ, ಯಾರು ಬೇಕಾದರೂ ಬಳಸಬಹುದಾದ ಸಿಬೋರ್ಡ್ ಇದೆ. ಜೆಲ್ಲೋದಲ್ಲಿ ಚಿತ್ರಗಳ ಪಕ್ಕದಲ್ಲೇ ಇಷ್ಟ, ಇಷ್ಟ ಇಲ್ಲ, ಬೇಕು, ಬೇಡ, ಇನ್ನಷ್ಟು, ಕಡಿಮೆ ಅನ್ನುವಂಥ ಆರು ಬಟನ್ ಯಾವಾಗಲೂ ಇರುತ್ತವೆ. ಇದು ನನಗೆ ತುಂಬಾ ಹಿಡಿಸಿದೆ, ಯಾಕೆಂದರೆ ಚಿಕ್ಕ ಮಗುವಿನ ಮೊದಲ ಭಾವನೆಯ ಮಾತು ‘ಬೇಡ’ವೇ. ಯಾವ ಆ್ಯಪ್ ಆದರೂ ನಾನು ನೋಡುವುದು ಎರಡೇ: ನಮ್ಮದೇ ಫೋಟೊ ಹಾಕಲು ಆಗಬೇಕು, ನಮ್ಮದೇ ದನಿ ರೆಕಾರ್ಡ್ ಮಾಡಲು ಆಗಬೇಕು. ಫೋಟೊ ಸಿಗದ ಕಡೆ ಸ್ಪೇನಿನ ಅರಗಾನ್ ಸರ್ಕಾರದ ಅರಾಸಾಕ್ ಚಿತ್ರಗಳನ್ನು ತೆಗೆದುಕೊಳ್ಳುತ್ತೇನೆ, ಅವು ಉಚಿತ.

ದನಿ ಮನೆಯವರದ್ದೇ ಇರಬೇಕು ಅಂತ ನಾನು ಹಟ ಹಿಡಿಯುತ್ತೇನೆ. ಧಾರವಾಡ ಕಡೆಯ ಮನೆಯಾದರೆ ‘ನಂಗ ಅಂಜಿಕಿ ಆಗ್ತದ’ ಅಂತಲೇ ರೆಕಾರ್ಡ್ ಆಗಲಿ, ಮನೆಯಲ್ಲಿ ತುಳುವೋ ಉರ್ದುವೋ ಇದ್ದರೆ ಅದರಲ್ಲೇ ಆಗಲಿ. ಇನ್ನೊಂದು ಮುಖ್ಯ ವಿಷಯ, ಮಗು ತಾನು ಹೇಗೆ ಹೇಳಬೇಕೋ ಹಾಗೇ ರೆಕಾರ್ಡ್ ಮಾಡಬೇಕು. ಕೇಳಿದ್ದನ್ನು ಹಾಗೇ ತಿರುಗಿ ಹೇಳುವ ಮಗುವಿಗೆ “ನಿಂಗೆ ಭಯ ಆಯ್ತಾ?” ಅಂತ ಕೇಳುತ್ತಾ ಹೋದರೆ, ಹೆದರಿದಾಗಲೆಲ್ಲ ಅದು ಕೂಡ “ನಿಂಗೆ ಭಯ ಆಯ್ತಾ” ಅನ್ನುತ್ತದೆ. ಪಾಪ, ಅದು ಸರಿಯಾಗೇ ಹೇಳುತ್ತಿರುತ್ತದೆ, ಕೇಳಿದವರಿಗೆ ಅರ್ಥವಾಗುವುದಿಲ್ಲ. ಹಾಗಾಗಿ ಬಟನ್‌ನಲ್ಲಿ ‘ನಂಗೆ ಭಯ ಆಯ್ತು’ ಅಂತ ಇರುತ್ತದೆ.

ಶುರುವಿನಲ್ಲಿ ಪದ ಜಾಸ್ತಿ ಬೇಡ. ಖುಷಿ, ಸಿಟ್ಟು, ಭಯ, ಬೇಜಾರು, ಇಷ್ಟು ಸಾಕು. ಆದರೆ ಇವುಗಳ ಪಕ್ಕದಲ್ಲೇ ‘ನಿಲ್ಲಿಸು’, ‘ಸಾಕು’, ‘ಇನ್ನೂ ಬೇಕು’ ಇರಲೇಬೇಕು. ಜೊತೆಗೆ ಮೈಗೆ ಸಂಬಂಧಿಸಿದ್ದು ಕೆಲವು: ‘ಕಿವಿಗೆ ಜೋರು’, ‘ಬಟ್ಟೆ ಚುಚ್ಚುತ್ತೆ’, ‘ಹೊಟ್ಟೆ ಹಸಿವು’, ‘ನಿದ್ದೆ’. ಭಾವನೆ ಕಲಿಸಲು ಬಂದವಳು ಹಸಿವು, ನಿದ್ದೆ ಯಾಕೆ ಹಾಕುತ್ತಿದ್ದಾಳೆ ಅಂತ ಕೆಲವರು ಕೇಳುತ್ತಾರೆ. ತನಗೆ ಯಾವ ಭಾವನೆ ಬಂದಿದೆ ಅಂತ ತಾನೇ ಗುರುತಿಸಿ ಹೇಳಲು ಆಗದಿರುವುದು ಆಟಿಸಂ ಇರುವವರಲ್ಲಿ ತುಂಬಾ ಸಾಮಾನ್ಯ. 2019ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗೆ ಸೇರಿಸಿ ನೋಡಿದಾಗ ಆಟಿಸಂ ಇರುವವರಲ್ಲಿ ಸುಮಾರು 50 ಶೇಕಡಾ ಜನರಿಗೆ ಈ ತೊಂದರೆ ಕಂಡಿತು, ಉಳಿದವರಲ್ಲಿ ಅದು ಸುಮಾರು 5 ಶೇಕಡಾ. ಹೊಟ್ಟೆ ಹಸಿದಿದ್ದಕ್ಕೂ ಹೊಟ್ಟೆಯಲ್ಲಿ ಸಂಕಟ ಆಗುವುದಕ್ಕೂ ವ್ಯತ್ಯಾಸ ಗೊತ್ತಾಗದ ಮಗುವಿಗೆ ‘ಭಯ’ ಅನ್ನುವ ಪದ ಎಲ್ಲಿ ಅಂಟಬೇಕು? ಮೈ ಮೊದಲು, ಪದ ಆಮೇಲೆ.

ಒಂದು ಮನೆಯ ವಿಷಯ ಹೇಳುತ್ತೇನೆ. ನಾಲ್ಕು ವರ್ಷದ ಹುಡುಗಿ, ಮಾತಿಲ್ಲ. ಬೆಳಿಗ್ಗೆ ಚಟ್ನಿಗೆ ಮಿಕ್ಸಿ ಹಾಕಿದ ತಕ್ಷಣ ಕಿರುಚಿ ಮಂಚದ ಕೆಳಗೆ ಹೋಗಿ ಕೂರುತ್ತಿದ್ದಳು. ನಾವು ಮಾಡಿದ್ದು ಇಷ್ಟೇ. ಅಮ್ಮ ಮಿಕ್ಸಿ ಜಾರ್‌ನದ್ದೇ ಫೋಟೊ ತೆಗೆದು ಒಂದು ಬಟನ್ ಮಾಡಿದರು, ಪಕ್ಕದಲ್ಲಿ ‘ಕಿವಿಗೆ ಜೋರು’, ‘ನಂಗೆ ಭಯ ಆಯ್ತು’, ‘ನಿಲ್ಲಿಸು’. ದಿನಾ ಮಿಕ್ಸಿ ತಿರುಗಿಸಿ ಅವಳು ಕಿವಿ ಮುಚ್ಚಿಕೊಂಡ ಕೂಡಲೇ ಆಫ್ ಮಾಡುವುದು, ಫೋನ್ ತೆಗೆದುಕೊಂಡು ಅವಳ ಹತ್ತಿರ ಬಗ್ಗಿ ಕೂತು ‘ಕಿವಿಗೆ ಜೋರು’, ‘ನಂಗೆ ಭಯ ಆಯ್ತು’ ಅಂತ ಅಮ್ಮ ತಾವೇ ಒತ್ತುವುದು. ಅವಳ ಬೆರಳು ಹಿಡಿದು ಒತ್ತಿಸುವ ಹಾಗಿಲ್ಲ, “ಹೇಳು ಪುಟ್ಟ, ಏನಾಯ್ತು ಹೇಳು” ಅಂತ ಕೇಳುವ ಹಾಗೂ ಇಲ್ಲ. ಒತ್ತಿ, ಸುಮ್ನೆ ಪಕ್ಕದಲ್ಲಿ ಕೂರುವುದು. ಆಮೇಲೆ ಅವಳು ಅಜ್ಜಿ ಜೊತೆ ಹೊರಗಿನ ಜಗಲಿಗೆ, ಆಗ ಚಟ್ನಿ ಪೂರ್ತಿ. ವಾರಗಟ್ಟಲೆ ಅವಳು ಫೋನಿನ ಕಡೆ ತಿರುಗಿಯೂ ನೋಡಲಿಲ್ಲ. ಅಜ್ಜಿಗೆ ಇದೆಲ್ಲ ಯಾಕೆ ಬೇಕು ಅನ್ನಿಸಿತ್ತು, ಆದರೂ ಬಿಡದೆ ಮಾಡಿದರು. ಒಂದು ದಿನ ಅಮ್ಮ ಕಾಯಿ ತುರಿದು ಜಾರ್ ಕೈಗೆತ್ತಿಕೊಂಡಿದ್ದಾರೆ, ಇನ್ನೂ ಸ್ವಿಚ್ ಹಾಕಿಲ್ಲ, ಹುಡುಗಿ ಬಂದು ‘ನಂಗೆ ಭಯ ಆಯ್ತು’ ಒತ್ತಿ ಅಜ್ಜಿಯ ಸೆರಗು ಹಿಡಿದು ಬಾಗಿಲ ಕಡೆ ಎಳೆದಳಂತೆ. ಅಮ್ಮ ನನಗೆ ಫೋನ್ ಮಾಡಿದಾಗ ಅವರಿಗೆ ಮಾತೇ ಹೊರಡುತ್ತಿರಲಿಲ್ಲ.

ಇಲ್ಲಿ ಕೆಲಸ ಮಾಡಿದ್ದು ಏನು ಅಂತ ನೋಡಿ. ಆ ಬಟನ್ ಒತ್ತಿದಾಗೆಲ್ಲ ಮಿಕ್ಸಿ ನಿಂತಿತು. ಭಯ ಅನ್ನುವ ಪದಕ್ಕೆ ಬೆಲೆ ಬಂದಿದ್ದು ಹಾಗೆ. ಭಾವನೆ ಹೇಳಿಕೊಂಡ ಮಗುವಿಗೆ “ಏನಿಲ್ಲ, ಏನಿಲ್ಲ, ಹೆದರಬೇಡ” ಅಂದು ಮಿಕ್ಸಿ ತಿರುಗಿಸುತ್ತಲೇ ಇದ್ದರೆ, ಆ ಪದ ಸುಳ್ಳು ಅಂತ ನಾವೇ ಕಲಿಸಿದ ಹಾಗೆ. ಪ್ರತಿ ಸಲ ಎಲ್ಲ ನಿಲ್ಲಿಸಲು ಆಗುವುದಿಲ್ಲ ನಿಜ, ಬಸ್ಸಿನ ಹಾರ್ನ್ ನಿಲ್ಲಿಸಲು ಯಾರಿಂದ ಆಗುತ್ತದೆ? ಆಗ ಕಿವಿಗೆ ಕೈ ಅಡ್ಡ ಹಿಡಿಯಿರಿ, ಎತ್ತಿಕೊಳ್ಳಿ, ಪಕ್ಕಕ್ಕೆ ಕರೆದುಕೊಂಡು ಹೋಗಿ. ಏನಾದರೂ ಒಂದು ಬದಲಾಗಬೇಕು.

ಫೋಟೊ ವಿಷಯದಲ್ಲಿ ನನ್ನದೊಂದು ಕಟ್ಟುನಿಟ್ಟು ಇದೆ. ಮಗು ಅಳುವಾಗ, ನೆಲಕ್ಕೆ ಬಿದ್ದು ಒದ್ದಾಡುವಾಗ ವಿಡಿಯೊ ತೆಗೆದು ಅದನ್ನೇ ಪಾಠಕ್ಕೆ ಬಳಸಲು ನಾನು ಬಿಡುವುದಿಲ್ಲ. ಆ ಹೊತ್ತಿನಲ್ಲಿ ಮಗುವಿಗೆ ಬೇಕಾದದ್ದು ನಾವು, ಕ್ಯಾಮೆರಾ ಅಲ್ಲ. ಸಿಟ್ಟಿನ ಫೋಟೊಗೆ ಅಪ್ಪನೋ ಮಾವನೋ ಮುಖ ಮಾಡಿ ನಿಂತರೆ ಆಯಿತು. ಆದರೆ ಖುಷಿಯ ಫೋಟೊ ಮಗುವಿನದ್ದೇ ಇರಲಿ, ಅದು ಖುಷಿಪಡುವ ರೀತಿಯಲ್ಲೇ ಇರಲಿ. ನನ್ನ ಹತ್ತಿರ ಬರುವ ಒಬ್ಬ ಹುಡುಗ ಖುಷಿಯಾದರೆ ನಗುವುದಿಲ್ಲ. ತುದಿಗಾಲಲ್ಲಿ ನಿಂತು ಎರಡೂ ಕೈ ಪಟಪಟ ಆಡಿಸುತ್ತಾ ಫ್ಯಾನ್ ನೋಡುತ್ತಾನೆ. ಅವನ ‘ಖುಷಿ’ ಬಟನ್‌ನಲ್ಲಿ ಆ ಚಿತ್ರವೇ ಇದೆ. ನಗುಮುಖದ ಹಳದಿ ಉಂಡೆ ಅವನಿಗೆ ಏನೂ ಹೇಳುತ್ತಿರಲಿಲ್ಲ.

ಸ್ಕ್ರೀನ್ ಟೈಮ್ ಬಗ್ಗೆ ಎಲ್ಲರಿಗೂ ಚಿಂತೆ, ಇರಬೇಕಾದ್ದೇ. ಎರಡರಿಂದ ಐದು ವರ್ಷದವರಿಗೆ ದಿನಕ್ಕೆ 1 ಗಂಟೆಗಿಂತ ಜಾಸ್ತಿ ಬೇಡ ಅಂತ ನಮ್ಮ ಮಕ್ಕಳ ವೈದ್ಯರ ಸಂಘವೇ ಹೇಳಿದೆ. ಮಾತಿನ ಆ್ಯಪ್ ಮಾತ್ರ ಮಗುವಿನ ಬಾಯಿ ಇದ್ದ ಹಾಗೆ, ಅದನ್ನು ಗಂಟೆ ನೋಡಿ ಮುಚ್ಚಲು ಬರುವುದಿಲ್ಲ. ಹಾಗಾಗಿ ಎರಡನ್ನೂ ಬೇರೆ ಮಾಡುತ್ತೇನೆ. ಮನೆಯಲ್ಲಿರುವ ಹಳೇ ಫೋನ್ ತೆಗೆದುಕೊಂಡು ಯೂಟ್ಯೂಬ್ ಮುಚ್ಚಿಸಿ, ನೆಟ್ ಆಫ್ ಮಾಡಿ, ಆಂಡ್ರಾಯ್ಡ್ ಆದರೆ ಸ್ಕ್ರೀನ್ ಪಿನ್ ಹಾಕಿ, ಐಪ್ಯಾಡ್ ಆದರೆ ಗೈಡೆಡ್ ಆಕ್ಸೆಸ್ ಹಾಕಿ, ಅದರಲ್ಲಿ ಈ ಒಂದು ಆ್ಯಪ್ ಮಾತ್ರ ತೆರೆದಿರುವ ಹಾಗೆ ಮಾಡಿ ಕೊಡುತ್ತೇನೆ. ಕಾರ್ಟೂನ್ ಬೇರೆ ಫೋನಿನಲ್ಲಿ. ಒಂದೆರಡು ವಾರ ಗಲಾಟೆ ಇರುತ್ತದೆ, ಆಮೇಲೆ ಮಕ್ಕಳು ಈ ಫೋನ್ ಯಾತಕ್ಕೆ ಅಂತ ಅರ್ಥ ಮಾಡಿಕೊಳ್ಳುತ್ತಾರೆ.

ಬಟನ್ ಒತ್ತಿ ಅಭ್ಯಾಸವಾದರೆ ಮಾತೇ ಬರುವುದಿಲ್ಲವೇನೋ ಅನ್ನುವ ಹೆದರಿಕೆ ಇನ್ನೊಂದು. ಇದನ್ನು ಸಂಶೋಧಕರು ಪರಿಶೀಲಿಸಿದ್ದಾರೆ. ಬೆಳವಣಿಗೆಯ ತೊಂದರೆ ಇರುವವರ ಬಗ್ಗೆ 2006ರಲ್ಲಿ ಬಂದ ಒಂದು ವಿಮರ್ಶೆಯಲ್ಲಿ, ಗಟ್ಟಿ ಪುರಾವೆ ಇದ್ದ 27 ಜನರಲ್ಲಿ ಒಬ್ಬರಿಗೂ ಮಾತು ಕಡಿಮೆಯಾಗಲಿಲ್ಲ, ಹೆಚ್ಚಿನವರಿಗೆ ಸ್ವಲ್ಪವಾದರೂ ಜಾಸ್ತಿಯಾಯಿತು. ನಾನು ನೋಡುತ್ತಿರುವುದೂ ಅದನ್ನೇ. ಮಿಕ್ಸಿಯ ಹುಡುಗಿ ಈಗ ಒತ್ತುವಾಗ ಜೊತೆಗೆ “ಬಯ” ಅಂತಾಳೆ.

ಶಾಲೆಯದ್ದೇ ಕಷ್ಟ. ಅಂಗನವಾಡಿಯಾಗಲಿ ನರ್ಸರಿಯಾಗಲಿ, ಫೋನ್ ಒಳಗೆ ಬಿಡುವುದಿಲ್ಲ ಅಂದುಬಿಡುತ್ತಾರೆ ಕೆಲವು ಕಡೆ. ಮಗುವಿನ ಮಾತನ್ನು ಗೇಟಿನಲ್ಲಿ ಬಿಟ್ಟು ಬನ್ನಿ ಅಂದರೆ ಹೇಗೆ? ಅದಕ್ಕೆ ವಾದ ಮಾಡುತ್ತಲೇ ಇನ್ನೊಂದು ಕೆಲಸ ಮಾಡುತ್ತೇನೆ. ಆ್ಯಪ್‌ನ ಪುಟದ ಸ್ಕ್ರೀನ್‌ಶಾಟ್ ತೆಗೆದು, ಬಟನ್‌ಗಳು ಇದ್ದ ಜಾಗದಲ್ಲೇ ಇರುವ ಹಾಗೆ ಎ4 ಹಾಳೆಗೆ ಪ್ರಿಂಟ್ ಹಾಕಿಸಿ, ಲ್ಯಾಮಿನೇಟ್ ಮಾಡಿಸಿ ಎರಡು ಪ್ರತಿ ಕೊಡುತ್ತೇನೆ: ಒಂದು ಮಗುವಿನ ಬ್ಯಾಗಿಗೆ, ಒಂದು ಟೀಚರ್ ಮೇಜಿಗೆ. ಟೀಚರಿಗೆ ನಾನು ಕೇಳಿಕೊಳ್ಳುವುದು ಒಂದೇ. ಮಗು ‘ಕಿವಿಗೆ ಜೋರು’ ಮೇಲೆ ಬೆರಳಿಟ್ಟರೆ ಅದನ್ನು ಐದು ನಿಮಿಷ ವರಾಂಡಕ್ಕೆ ಬಿಡಿ, ಪ್ರಶ್ನೆ ಕೇಳಬೇಡಿ.

ನಾಲ್ಕು ಪದ ಗಟ್ಟಿಯಾದ ಮೇಲೆ ‘ಸ್ವಲ್ಪ’, ‘ತುಂಬಾ’ ಸೇರಿಸುತ್ತೇನೆ. ಸ್ವಲ್ಪ ಸಿಟ್ಟು ಅಂತ ಹೇಳಲು ಬಂದರೆ ತುಂಬಾ ಸಿಟ್ಟಾಗುವ ಮೊದಲೇ ಮನೆಯವರಿಗೆ ಸುಳಿವು ಸಿಗುತ್ತದೆ. ಕಿರಿಕಿರಿ, ಗಾಬರಿ, ನಾಚಿಕೆ ಅದರ ನಂತರ. ಇವತ್ತು ಶುರು ಮಾಡುವವರಾದರೆ ಇಡೀ ಆ್ಯಪ್ ತುಂಬಿಸಲು ಹೋಗಬೇಡಿ. ನಿಮ್ಮ ಮನೆಯಲ್ಲಿ ದಿನಾ ನಡೆಯುವ, ಮಗುವಿಗೆ ಕಷ್ಟ ಕೊಡುವ ಒಂದೇ ಒಂದು ಸಂಗತಿ ಹಿಡಿಯಿರಿ. ತಲೆಗೆ ನೀರು ಹಾಕುವುದಿರಬಹುದು, ಉಗುರು ಕತ್ತರಿಸುವುದಿರಬಹುದು. ಅದರ ಫೋಟೊ, ನಿಮ್ಮ ದನಿಯಲ್ಲಿ ಒಂದು ಭಾವನೆಯ ಪದ, ಒಂದು ‘ನಿಲ್ಲಿಸು’. ಒತ್ತುವುದು ನೀವು, ನಿಲ್ಲಿಸುವುದೂ ನೀವು.