ಮೊದಲ ಗುಡುಗಿಗೆ ಮುಂಚೆ ಮನೆಯ ನೆಟ್ ಗಟ್ಟಿ ಮಾಡಿಕೊಳ್ಳಿ

ತೀರ್ಥಹಳ್ಳಿ, ಹೊಸನಗರದ ಕಡೆ ಮೊದಲೆಲ್ಲ ಒಂದು ಫೋನ್ ಮಾಡಬೇಕೆಂದರೆ ಗುಡ್ಡ ಹತ್ತಿ, ಎರಡು ಕಡ್ಡಿ ಸಿಗ್ನಲ್ ಸಿಗುವ ಬಂಡೆ ಹುಡುಕಿ ನಿಲ್ಲಬೇಕಿತ್ತು. ಈಗ ಎಷ್ಟೋ ಒಂಟಿಮನೆಗಳಿಗೂ ಫೈಬರ್ ಬಂದಿದೆ. ಜಗುಲಿಯಲ್ಲಿ ಕೂತು ವಿಡಿಯೊ ಕಾಲ್ ಮಾಡುತ್ತೇವೆ. ಅಡಿಕೆ ಒಣಗುವ ಅಂಗಳಕ್ಕೆ ಕ್ಯಾಮೆರಾ ಹಾಕಿದ್ದೇವೆ. ತೋಟದ ಮೋಟಾರನ್ನು ಬೆಂಗಳೂರಿನಲ್ಲಿರುವ ಮಕ್ಕಳು ಅಲ್ಲಿಂದಲೇ ಚಾಲೂ ಮಾಡುತ್ತಾರೆ. ಬೇಸಿಗೆಯ ಮೊದಲ ಗುಡುಗುಮಳೆ ಬರುವವರೆಗೆ ಎಲ್ಲವೂ ಚೆಂದ. ಆ ಸಂಜೆಯಿಂದ ಒಂದೊಂದೇ ಕೈಕೊಡಲು ಶುರುವಾಗುತ್ತದೆ.

ಪೆಟ್ಟಿಗೆಯೊಳಗೆ ಬರುವ ಕೈಪಿಡಿ, ಕರೆಂಟ್ ಸದಾ ಇರುತ್ತದೆ, ನೆಟ್ ಸದಾ ಇರುತ್ತದೆ ಎಂದು ನಂಬಿ ಬರೆದದ್ದು. ನಮ್ಮಲ್ಲಿ ಆಷಾಢದ ಗಾಳಿಗೆ ಒಂದು ಮರ ತಂತಿಯ ಮೇಲೆ ಒರಗಿದರೆ ಎರಡು ದಿನ ಕತ್ತಲೆ. ಆದ್ದರಿಂದ ಯಾವುದೇ ಸಾಧನ ತರುವಾಗ ಅದು ಏನೇನು ಮಾಡುತ್ತದೆ ಎಂದು ಕೇಳುವುದಕ್ಕಿಂತ, ಕರೆಂಟ್ ಹೋದಾಗ ಮತ್ತು ನೆಟ್ ಹೋದಾಗ ಅದರಲ್ಲಿ ಎಷ್ಟು ಉಳಿಯುತ್ತದೆ ಎಂದು ಕೇಳಬೇಕು. ಯುಗಾದಿ ಮುಗಿದ ಮೇಲೆ ಒಂದು ಭಾನುವಾರ ಬಿಡುವು ಮಾಡಿಕೊಂಡರೆ ಕೆಳಗಿನ ಕೆಲಸಗಳಲ್ಲಿ ಬಹುಪಾಲು ಮುಗಿಯುತ್ತವೆ. ಅರ್ಥಿಂಗ್ ಕೆಲಸಕ್ಕೆ ಮಾತ್ರ ಎಲೆಕ್ಟ್ರಿಷಿಯನ್ ಬೇಕು.

ಒಂದು: ಸಿಡಿಲು ಬರುವ ದಾರಿ ಕಡಿಯಿರಿ

ಮೂರು ವರ್ಷದ ಹಿಂದೆ ಏಪ್ರಿಲ್‌ನ ಒಂದು ಮಧ್ಯಾಹ್ನ ನಮ್ಮ ಹಿತ್ತಲಿನ ತೆಂಗಿನ ಮರಕ್ಕೆ ಸಿಡಿಲು ಬಡಿಯಿತು. ಗುಡುಗಿನ ಮೊದಲ ಸದ್ದಿಗೇ ನಾನು ರೂಟರಿನ ಪ್ಲಗ್ ಕಿತ್ತಿಟ್ಟಿದ್ದೆ. ಆದರೂ ರೂಟರ್ ಸುಟ್ಟುಹೋಯಿತು. ತಿರುಗಿಸಿ ನೋಡಿದರೆ, ಹಿಂಬದಿಯ ನಾಲ್ಕು ಲ್ಯಾನ್ ಕಿಂಡಿಗಳಲ್ಲಿ ಒಂದರ ಬಾಯಿ ಮಾತ್ರ ಕರಗಿ ಕಪ್ಪಾಗಿತ್ತು. ಅಂಗಳದ ಕಂಬದ ಕ್ಯಾಮೆರಾದಿಂದ ಬಂದ ಕೇಬಲ್ ಚುಚ್ಚಿದ್ದ ಕಿಂಡಿ ಅದು. ಬಯಲಿನಲ್ಲಿ ಮೂವತ್ತು ಮೀಟರ್ ಹಾದುಬಂದ ತಾಮ್ರದ ತಂತಿ. ಮುಂಬಾಗಿಲಿಗೆ ಚಿಲಕ ಹಾಕಿ ಹಿತ್ತಲ ಬಾಗಿಲು ತೆರೆದಿಟ್ಟಂತಾಗಿತ್ತು.

ಸಿಡಿಲು ಮನೆಯ ಮೇಲೇ ಬೀಳಬೇಕೆಂದಿಲ್ಲ. ಹತ್ತಿರದಲ್ಲೆಲ್ಲೋ ಬಿದ್ದರೂ ಉದ್ದನೆಯ ತಂತಿಗಳಲ್ಲಿ ಒಂದು ಕ್ಷಣ ಸಾವಿರಾರು ವೋಲ್ಟ್ ಹುಟ್ಟುತ್ತದೆ. ತಂತಿ ಉದ್ದವಾದಷ್ಟೂ ಅಪಾಯ ಹೆಚ್ಚು. ಹಾಗಾಗಿ ಮೊದಲು ರೂಟರಿನ ಮುಂದೆ ಕೂತು ಅದಕ್ಕೆ ಸೇರುವ ತಂತಿಗಳನ್ನು ಎಣಿಸಿ. ಒಂದೊಂದೂ ಎಲ್ಲಿಂದ ಬಂತು ಎಂದು ಕೈಯಿಂದ ಹಿಡಿದು ಹುಡುಕಿ.

ಫೈಬರ್ ಗಾಜಿನ ಎಳೆ. ಅದರಲ್ಲಿ ಹರಿಯುವುದು ಬೆಳಕು, ವಿದ್ಯುತ್ತಲ್ಲ. ಆದರೆ ಕಂಬದಿಂದ ಮನೆಗೆ ಎಳೆಯುವ ಕಪ್ಪು ಕೇಬಲಿನಲ್ಲಿ ಗಾಜಿನೆಳೆಯ ಪಕ್ಕದಲ್ಲೇ, ಜಗ್ಗು ತಡೆಯಲೆಂದು ದಪ್ಪ ಉಕ್ಕಿನ ತಂತಿ ಇರುತ್ತದೆ. ಆ ತಂತಿಯನ್ನು ಬೇರ್ಪಡಿಸಿ ಮಾಡಿನ ಅಂಚಿನಲ್ಲೇ ಕೊಕ್ಕೆಗೆ ಕಟ್ಟಿ, ಅಲ್ಲಿಗೇ ನಿಲ್ಲಿಸಬೇಕು. ಒಳಗೆ ಬರಬೇಕಾದದ್ದು ಗಾಜಿನೆಳೆ ಇರುವ ಭಾಗ ಮಾತ್ರ. ಅವಸರದಲ್ಲಿ ಇಡೀ ಕೇಬಲನ್ನೇ ಕಿಟಕಿಯಿಂದ ತೂರಿಸಿ ರೂಟರಿನವರೆಗೆ ತಂದಿದ್ದರೆ, ಕೇಬಲಿನವರು ಬಂದಾಗ ಸರಿಮಾಡಿಸಿಕೊಳ್ಳಿ.

ಬಯಲಿನಲ್ಲಿ ಹಾದುಬರುವ ಲ್ಯಾನ್ ಕೇಬಲ್ ಇದ್ದರೆ ನನ್ನ ಸಲಹೆ ಒಂದೇ: ತೆಗೆದುಬಿಡಿ. ವೈಫೈ ಮುಟ್ಟುವ ಜಾಗವಾದರೆ ವೈಫೈ ಕ್ಯಾಮೆರಾ ಹಾಕಿ. ಮುಟ್ಟದಿದ್ದರೆ, ಅಲ್ಲಿ ಮೊಬೈಲ್ ಸಿಗ್ನಲ್ ಇದ್ದರೆ, ಸಿಮ್ ಹಾಕುವ ಸೋಲಾರ್ ಕ್ಯಾಮೆರಾ ಸಿಗುತ್ತದೆ.

ಇನ್ನು ಕರೆಂಟಿನ ದಾರಿ. ಮೇನ್ ಬೋರ್ಡಿನಲ್ಲಿ ಸರ್ಜ್ ತಡೆಯುವ ಸಾಧನ ಹಾಕಿಸಬಹುದು. ಅಂಗಡಿಯಲ್ಲಿ ಎಸ್‌ಪಿಡಿ ಎಂದು ಕೇಳಿ. ಅದು ಹೆಚ್ಚಾದ ವೋಲ್ಟೇಜನ್ನು ಭೂಮಿಗೆ ಇಳಿಸುತ್ತದೆ. ಭೂಮಿಗೆ ಸರಿಯಾದ ದಾರಿಯೇ ಇಲ್ಲದಿದ್ದರೆ ಅದು ಇದ್ದೂ ಇಲ್ಲದಂತೆ. ನಮ್ಮ ಜಂಬಿಟ್ಟಿಗೆ ನೆಲ ಬೇಸಿಗೆಯಲ್ಲಿ ಒಣಗಿ ಕಲ್ಲಾಗುತ್ತದೆ. ಸಿಡಿಲು ಜೋರಾಗಿರುವ ತಿಂಗಳಿನಲ್ಲೇ ಅರ್ಥಿಂಗ್ ದುರ್ಬಲವಾಗಿರುತ್ತದೆ. ಎಲೆಕ್ಟ್ರಿಷಿಯನ್ ಕೈಯಲ್ಲಿ ಮೀಟರಿನಿಂದ ಅಳತೆ ಮಾಡಿಸಿ, ಅರ್ಥಿಂಗಿನ ಗುಂಡಿಗೆ ಬೇಸಿಗೆಯಿಡೀ ನೀರು ಹಾಕುತ್ತಿರಿ.

ಎಷ್ಟು ಮಾಡಿದರೂ ಪ್ಲಗ್ ಕೀಳುವುದಕ್ಕೆ ಸಮ ಇನ್ನೊಂದಿಲ್ಲ. ಯಾವಾಗ ಕೀಳಬೇಕು ಎಂದು ತಿಳಿಯಲು ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ‘ದಾಮಿನಿ’ ಆ್ಯಪ್ ಇದೆ. ನಿಮ್ಮ ಜಾಗದ ಸುತ್ತ 20 ಮತ್ತು 40 ಕಿಲೋಮೀಟರ್ ದೂರದೊಳಗೆ ಸಿಡಿಲು ಬೀಳುತ್ತಿದ್ದರೆ ಅದು ತೋರಿಸುತ್ತದೆ. 40ರ ಒಳಗೆ ಬಂದಾಗಲೇ ಎದ್ದು ಎಲ್ಲ ಕಿತ್ತಿಡಿ. ಗುಡುಗು ತಲೆಯ ಮೇಲೆ ಬಂದ ನಂತರ ಪ್ಲಗ್ಗಿಗೆ, ಕೇಬಲಿಗೆ ಕೈ ಹಾಕಲೇಬೇಡಿ. ರೂಟರ್ ಹೋದರೆ ಮತ್ತೊಂದು ತರಬಹುದು.

ಎರಡು: ಕರೆಂಟ್ ಹೋದರೂ ರೂಟರ್ ಉಸಿರಾಡಲಿ

ಇನ್ವರ್ಟರ್ ಇದ್ದ ಮನೆಯವರು ರೂಟರನ್ನು ಆ ಲೈನಿಗೆ ಸೇರಿಸಿದರೆ ಸಾಕು. ಇಲ್ಲದವರಿಗೆ ಅಂಗೈಯಗಲದ ಮಿನಿ ಯುಪಿಎಸ್ ಸಿಗುತ್ತದೆ. ಶಿವಮೊಗ್ಗದ ಮಂಡಿಗೆ ಅಡಿಕೆ ಒಯ್ದಾಗ ಪೇಟೆಯಲ್ಲಿ ಕೇಳಿ ತರಬಹುದು. ಹೋಗುವ ಮುಂಚೆ ರೂಟರಿನ ಅಡಾಪ್ಟರಿನ ಬೆನ್ನಿನ ಮೇಲಿನ ಬರಹವನ್ನು ಫೋನಿನಲ್ಲಿ ಫೋಟೊ ತೆಗೆದುಕೊಳ್ಳಿ. ‘ಔಟ್‌ಪುಟ್’ ಎಂದಿರುವ ಸಾಲು ಮುಖ್ಯ. ಹೆಚ್ಚಿನವು 12 ವೋಲ್ಟ್, ಕೆಲವು 9 ಅಥವಾ 5. ವೋಲ್ಟ್ ಸರಿಯಾಗಿ ಹೊಂದಲೇಬೇಕು. ಆಂಪಿಯರ್ ಅಷ್ಟೇ ಇರಲಿ ಅಥವಾ ಹೆಚ್ಚಿರಲಿ, ಕಡಿಮೆ ಬೇಡ. ಫೈಬರಿನ ಪೆಟ್ಟಿಗೆ ಬೇರೆ, ವೈಫೈ ಪೆಟ್ಟಿಗೆ ಬೇರೆ ಇದ್ದರೆ ಎರಡಕ್ಕೂ ಕರೆಂಟ್ ಬೇಕು ಎನ್ನುವುದನ್ನು ಮರೆಯಬೇಡಿ.

ಯುಪಿಎಸ್ಸಿನ ಪೆಟ್ಟಿಗೆಯ ಮೇಲೆ ದೊಡ್ಡದಾಗಿ ‘10,400 ಎಂಎಎಚ್’ ಎಂದು ಬರೆದಿರುತ್ತಾರೆ. ಅದು ಒಳಗಿನ 3.7 ವೋಲ್ಟ್ ಸೆಲ್ಲಿನ ಲೆಕ್ಕ. 10,400 ಎಂಎಎಚ್ ಎಂದರೆ 10.4 ಆಂಪಿಯರ್-ಅವರ್, ಅದನ್ನು 3.7ರಿಂದ ಗುಣಿಸಿದರೆ ಸುಮಾರು 38 ವ್ಯಾಟ್-ಅವರ್. 12 ವೋಲ್ಟಿಗೆ ಏರಿಸುವಾಗ ಸ್ವಲ್ಪ ಸೋರಿ ಮೂವತ್ತರ ಆಸುಪಾಸು ಕೈಗೆ ಸಿಗುತ್ತದೆ. ರೂಟರ್ ಹತ್ತು ವ್ಯಾಟ್ ತಿಂದರೆ ಮೂರು ಗಂಟೆ. ‘ಇಡೀ ದಿನ ಬರುತ್ತದೆ’ ಎಂದು ಯಾರಾದರೂ ಹೇಳಿದರೆ ಈ ಗುಣಾಕಾರ ಮಾಡಿ ನೋಡಿ.

ಇನ್ನೊಂದು ಪರೀಕ್ಷೆಯನ್ನು ಯುಪಿಎಸ್ ಕೊಳ್ಳುವ ಮುಂಚೆಯೇ ಮಾಡಿ. ಕರೆಂಟ್ ಹೋದಾಗ ನೆರೆಯ ಇನ್ವರ್ಟರ್ ಮನೆಯಲ್ಲಿ ರೂಟರಿನ ದೀಪ ನೋಡಿ. ಎಲ್‌ಒಎಸ್ ಎಂದು ಬರೆದ ದೀಪ ಕೆಂಪಾಗಿ ಮಿಣುಕುತ್ತಿದ್ದರೆ ಫೈಬರಿನಲ್ಲಿ ಬೆಳಕೇ ಬರುತ್ತಿಲ್ಲ ಎಂದರ್ಥ. ಪ್ರತಿ ಸಲ ಕರೆಂಟ್ ಹೋದ ಅರ್ಧ ಗಂಟೆಗೆ ಹೀಗಾಗುತ್ತಿದ್ದರೆ, ಊರಿಗೆ ನೆಟ್ ಕಳಿಸುವ ಕಡೆಯಲ್ಲೇ ಬ್ಯಾಟರಿ ಮುಗಿಯುತ್ತಿದೆ. ನಿಮ್ಮ ಯುಪಿಎಸ್ ಅದಕ್ಕೆ ಮದ್ದಲ್ಲ. ಊರಿನವರು ಒಟ್ಟಾಗಿ ಕೇಬಲಿನವರಿಗೆ ಹೇಳಿ ಅಲ್ಲಿ ಬ್ಯಾಟರಿ ಹಾಕಿಸಬೇಕು.

ಮೂರು: ವೈಫೈ ಕಾಲಿಂಗ್ ಚಾಲೂ ಮಾಡಿ

ಇಡೀ ಬರಹದಲ್ಲಿ ಒಂದೇ ಒಂದು ಕೆಲಸ ಮಾಡುವುದಾದರೆ ಇದನ್ನು ಮಾಡಿ. ದುಡ್ಡು ಖರ್ಚಿಲ್ಲ. ಭಾರತದಲ್ಲಿ 2019ರ ಡಿಸೆಂಬರ್‌ನಿಂದೀಚೆಗೆ ಇದು ಬಂದಿದ್ದರೂ, ಸಿಗ್ನಲ್ ಇಲ್ಲದ ನಮ್ಮ ಕಣಿವೆಗಳ ಎಷ್ಟೋ ಮನೆಗಳಲ್ಲಿ ಇನ್ನೂ ಆಫ್ ಆಗಿಯೇ ಇದೆ. ಮನೆಯ ವೈಫೈ ಮೂಲಕವೇ, ನಿಮ್ಮದೇ ನಂಬರಿನಿಂದ, ಮಾಮೂಲಿ ಕರೆ ಹೋಗುತ್ತದೆ, ಬರುತ್ತದೆ. ಆಚೆಯವರ ಹತ್ತಿರ ಕೀಪ್ಯಾಡ್ ಫೋನ್ ಇದ್ದರೂ ಸಾಕು.

ಸೆಟ್ಟಿಂಗ್ಸ್‌ನಲ್ಲಿ ಸಿಮ್ ಅಥವಾ ಮೊಬೈಲ್ ನೆಟ್‌ವರ್ಕ್ ಎಂಬಲ್ಲಿಗೆ ಹೋಗಿ ‘ವೈಫೈ ಕಾಲಿಂಗ್’ ಆನ್ ಮಾಡಿ. ಎರಡು ಸಿಮ್ ಇದ್ದರೆ ಎರಡಕ್ಕೂ ಬೇರೆಬೇರೆ ಮಾಡಬೇಕು. ಆಮೇಲೆ ಏರೋಪ್ಲೇನ್ ಮೋಡ್ ಹಾಕಿ, ವೈಫೈ ಒಂದನ್ನು ಮಾತ್ರ ಮತ್ತೆ ಹಚ್ಚಿ, ಯಾರಿಗಾದರೂ ಕರೆ ಮಾಡಿ ನೋಡಿ. ಹೋದರೆ ಕೆಲಸ ಆಯಿತು. ಒಂದು ಎಸ್ಸೆಮ್ಮೆಸ್ ಕಳಿಸಲು ಹೇಳಿ ಅದೂ ಬರುತ್ತದೆಯೇ ನೋಡಿಕೊಳ್ಳಿ, ಬ್ಯಾಂಕಿನ ಒಟಿಪಿಗೆ ಬೇಕಾಗುತ್ತದೆ. ಮನೆಯಲ್ಲಿ ವಯಸ್ಸಾದವರಿದ್ದರೆ ಅವರ ಫೋನಿನಿಂದಲೇ ಈ ಪರೀಕ್ಷೆ ಶುರುಮಾಡಿ. ರಾತ್ರಿ ಎದೆನೋವು ಬಂದವರು ಜಡಿಮಳೆಯಲ್ಲಿ ಗುಡ್ಡ ಹತ್ತಿ ಫೋನ್ ಮಾಡುವ ಹಾಗಿಲ್ಲವಲ್ಲ.

ಹಳೆಯ ಮನೆಗಳ ಮಣ್ಣಿನ ಗೋಡೆ, ಜಂಬಿಟ್ಟಿಗೆ ಗೋಡೆ ದಪ್ಪ. ಒಂದೆರಡು ದಾಟುವಷ್ಟರಲ್ಲಿ ವೈಫೈ ಸೊರಗುತ್ತದೆ. ರೂಟರನ್ನು ದೇವರ ಕೋಣೆಯ ಮೂಲೆಯಿಂದ ತೆಗೆದು ಮನೆಯ ನಡುವಿನ ಪಡಸಾಲೆಗೆ, ಎತ್ತರಕ್ಕೆ ತನ್ನಿ. ವೈಫೈಯಲ್ಲಿ ಎರಡು ಬಗೆ: 5 ಗಿಗಾಹರ್ಟ್ಸ್ ವೇಗದ್ದು, ಆದರೆ ಇಂಥ ಗೋಡೆ ದಾಟಲಾರದು. 2.4 ದೂರ ಹೋಗುತ್ತದೆ. ಕ್ಯಾಮೆರಾ, ಫೋನಿನಿಂದ ನಡೆಯುವ ಬಲ್ಬುಗಳಲ್ಲಿ ಹೆಚ್ಚಿನವು 2.4ಕ್ಕೆ ಮಾತ್ರ ಸೇರುವುದರಿಂದ ಅದನ್ನು ಆಫ್ ಮಾಡಬೇಡಿ.

ನಾಲ್ಕು: ಅಂಗಳದ ಕ್ಯಾಮೆರಾ

ಕೊಳ್ಳುವಾಗ ಒಂದು ಹೊಸ ನಿಯಮ ಗೊತ್ತಿರಲಿ. 2025ರ ಏಪ್ರಿಲ್‌ನಿಂದ ನಮ್ಮ ದೇಶದಲ್ಲಿ ಮಾರುವ ಸಿಸಿಟಿವಿ ಕ್ಯಾಮೆರಾಗಳು ಸುರಕ್ಷತೆಯ ಪರೀಕ್ಷೆ ಪಾಸಾಗಿರಬೇಕು. ಬಿಲ್ ಇಲ್ಲದೆ ಅಗ್ಗಕ್ಕೆ ಸಿಗುವ ಹಳೆಯ ಸರಕಿನ ಆಸೆ ಬೇಡ. ಸ್ಟ್ಯಾಂಡರ್ಡ್ ಮಾರ್ಕ್ ಇದೆಯೇ ಎಂದು ಪೆಟ್ಟಿಗೆಯ ಮೇಲೆ ನೋಡಿ. ಮನೆಗೆ ತಂದ ಕೂಡಲೇ ಕಂಪನಿ ಕೊಟ್ಟ ಪಾಸ್‌ವರ್ಡ್ ಬದಲಿಸಿ, ಆ್ಯಪ್‌ನಲ್ಲಿ ಎರಡು ಹಂತದ ಲಾಗಿನ್ ಹಾಕಿ. ಪಕ್ಕದ ಮನೆಯ ಅಂಗಳ, ಬಚ್ಚಲ ದಾರಿ ಕ್ಯಾಮೆರಾದ ಕಣ್ಣಿಗೆ ಬೀಳದ ಹಾಗೆ ತಿರುಗಿಸಿ.

ದೃಶ್ಯ ಉಳಿಯಬೇಕಾದದ್ದು ಒಳಗಿನ ಮೆಮೊರಿ ಕಾರ್ಡಿನಲ್ಲಿ. ನೆಟ್ ಮೂಲಕ ಕಂಪನಿಯ ಕಡೆ ಉಳಿಸುವ ಕ್ಲೌಡ್ ಒಂದನ್ನೇ ನಂಬಿದರೆ ನೆಟ್ ಹೋದ ರಾತ್ರಿ ಏನೂ ದಾಖಲಾಗುವುದಿಲ್ಲ, ಕಳ್ಳರಿಗೂ ಬೇಕಾಗಿರುವುದು ಅಂಥ ರಾತ್ರಿಯೇ. ಕ್ಯಾಮೆರಾ ಸೆಕೆಂಡಿಗೆ ಒಂದು ಮೆಗಾಬಿಟ್ ಬರೆಯುವ ಲೆಕ್ಕದಲ್ಲಿ ದಿನಕ್ಕೆ ಹನ್ನೊಂದು ಜಿಬಿ ಆಗುತ್ತದೆ. 128 ಜಿಬಿ ಕಾರ್ಡಿನಲ್ಲಿ ಹತ್ತು-ಹನ್ನೊಂದು ದಿನ ನಿಲ್ಲುತ್ತದೆ. ಕಾರ್ಡ್ ‘ಹೈ ಎಂಡ್ಯೂರೆನ್ಸ್’ ಜಾತಿಯದಾಗಿರಲಿ. ಸಾಧಾರಣ ಕಾರ್ಡ್ ಹಗಲೂ ರಾತ್ರಿ ಬರೆದು ಬರೆದು ಬೇಗ ಸವೆಯುತ್ತದೆ.

ನಮ್ಮ ಮಳೆಗೆ ಕ್ಯಾಮೆರಾಕ್ಕಿಂತ ಅದರ ವಯರಿನ ಜೋಡಣೆ ಮೊದಲು ಹಾಳಾಗುತ್ತದೆ. ಜೋಡಣೆಯನ್ನು ಮುಚ್ಚಳದ ಡಬ್ಬಿಯೊಳಗೆ ಸೇರಿಸಿ. ವಯರು ಡಬ್ಬಿಗೆ ಮೇಲಿನಿಂದ ಇಳಿಯಬಾರದು. ಮೊದಲು ಒಂದು ಗೇಣು ಕೆಳಗೆ ಜೋತು, ಅಲ್ಲಿಂದ ಮೇಲೆ ಹತ್ತಿ ತಳದಿಂದ ಒಳಗೆ ಹೋಗಲಿ. ನೀರು ಆ ತಗ್ಗಿನಲ್ಲೇ ತೊಟ್ಟಿಕ್ಕಿ ಬೀಳುತ್ತದೆ.

ಜೇಡದ ಕಾಟ ಬೇರೆ. ಕತ್ತಲಲ್ಲಿ ಕಾಣಲು ಕ್ಯಾಮೆರಾ ಬೀರುವ ಬೆಳಕಿನ ಸುತ್ತ ಹುಳ ಸೇರುತ್ತವೆ, ಹುಳ ತಿನ್ನಲು ಜೇಡ ಬಂದು ಲೆನ್ಸಿಗೆ ಅಡ್ಡಲಾಗಿ ಬಲೆ ಕಟ್ಟುತ್ತದೆ. ಗಾಳಿಗೆ ಒಂದು ಎಳೆ ಅಲ್ಲಾಡಿದರೂ ಫೋನಿಗೆ ‘ಯಾರೋ ಬಂದರು’ ಎಂಬ ಸೂಚನೆ. ನಾಲ್ಕು ರಾತ್ರಿ ಹೀಗಾದರೆ ಮನೆಯವರು ಸೂಚನೆಯನ್ನೇ ಆಫ್ ಮಾಡುತ್ತಾರೆ, ಆಮೇಲೆ ಕ್ಯಾಮೆರಾ ಇದ್ದೇನು ಫಲ? ಸೂಚನೆ ಮನುಷ್ಯರನ್ನು ಕಂಡಾಗ ಮಾತ್ರ ಬರಲಿ ಎಂದು ಆ್ಯಪ್‌ನಲ್ಲಿ ಆರಿಸಿ. ಕ್ಯಾಮೆರಾದ ಬೆಳಕು ಆರಿಸಿ, ನಾಲ್ಕಾರು ಅಡಿ ದೂರದಲ್ಲಿ ಬೇರೆ ದೀಪ ಹಾಕಿದರೆ ಹುಳ ಅತ್ತ ಹೋಗುತ್ತವೆ. ವಾರಕ್ಕೊಮ್ಮೆ ಉದ್ದ ಕೋಲಿನ ಪೊರಕೆಯಿಂದ ಸುತ್ತ ಗುಡಿಸಿ.

ಐದು: ಬಲ್ಬು, ಪ್ಲಗ್ಗು

ಫೋನಿನಿಂದಲೇ ಹಚ್ಚಿ ಆರಿಸುವ ಇವನ್ನು ಕೊಳ್ಳುವವರು ‘ಮ್ಯಾಟರ್’ ಗುರುತು ನೋಡಿ ಕೊಳ್ಳಿ. 2022ರ ಅಕ್ಟೋಬರ್‌ನಲ್ಲಿ ಬಂದ ಈ ಮಾನದಂಡಕ್ಕೆ ಆ್ಯಪಲ್, ಗೂಗಲ್, ಅಮೆಜಾನ್, ಸ್ಯಾಮ್‌ಸಂಗ್ ಎಲ್ಲ ಒಪ್ಪಿವೆ. ನಮಗೆ ಮುಖ್ಯವಾದ ಗುಣವೆಂದರೆ, ಫೋನು ಮತ್ತು ಬಲ್ಬು ಮನೆಯ ವೈಫೈಯೊಳಗೇ ನೇರ ಮಾತಾಡಿಕೊಳ್ಳಬಲ್ಲವು, ಹೊರಗಿನ ನೆಟ್ ಕಡಿದರೂ ಕೆಲಸ ನಡೆಯುತ್ತದೆ. ಜೋಡಿಸುವಾಗ ಬೇಕಾಗುವ ಕ್ಯೂಆರ್ ಚೀಟಿಯನ್ನು ಫೋಟೊ ತೆಗೆದಿಟ್ಟುಕೊಳ್ಳಿ, ನಮ್ಮ ಥಂಡಿಗೆ ಚೀಟಿ ಅಳಿಸಿಹೋಗುತ್ತದೆ.

ಆರು: ತೋಟದ ಮೋಟಾರು

ಮೊಬೈಲ್ ಸ್ಟಾರ್ಟರ್ ಕರೆಯಿಂದ ಅಥವಾ ಎಸ್ಸೆಮ್ಮೆಸ್‌ನಿಂದ ನಡೆಯುವಂಥದ್ದಾಗಿರಲಿ. ಆ್ಯಪ್‌ಗೆ ಒಳ್ಳೆಯ ಡೇಟಾ ಬೇಕು, ಕರೆಗೆ ಎರಡು ಕಡ್ಡಿ ಸಾಕು. ಹಳೆಯ ಸ್ಟಾರ್ಟರುಗಳು 2ಜಿ ಮಾತ್ರ ಬಲ್ಲವು, ಅವಕ್ಕೆ ಜಿಯೊ ಸಿಮ್ ಹಾಕಿ ಪ್ರಯೋಜನವಿಲ್ಲ, ಜಿಯೊಗೆ 2ಜಿ ಇಲ್ಲ. ಹೊಸದು ಕೊಳ್ಳುವವರು 4ಜಿ ಇರುವುದನ್ನೇ ಕೇಳಿ. ಡೇಟಾ ಬೇಡದ ಈ ಸಿಮ್‌ಗೆ ಕರೆ-ಎಸ್ಸೆಮ್ಮೆಸ್ ಮಾತ್ರ ಇರುವ ಪ್ಲಾನ್ ಸಾಕು. 2024ರ ಡಿಸೆಂಬರ್‌ನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) ಇಂಥ ಪ್ಲಾನ್ ಕಡ್ಡಾಯ ಮಾಡಿತು, ಅವಧಿಯ ಮಿತಿಯನ್ನು 365 ದಿನಕ್ಕೆ ಏರಿಸಿತು. ವರ್ಷಕ್ಕೊಮ್ಮೆ ರೀಚಾರ್ಜ್ ಮಾಡಿ, ದಿನಾಂಕವನ್ನು ಸ್ಟಾರ್ಟರ್ ಪೆಟ್ಟಿಗೆಯ ಬಾಗಿಲಿನ ಒಳಗೆ ಬರೆದಿಡಿ.

ಆಂಟೆನಾ ಕಬ್ಬಿಣದ ಪೆಟ್ಟಿಗೆಯ ಒಳಗಿದ್ದರೆ ಸಿಗ್ನಲ್ ಸಾಯುತ್ತದೆ, ಹೊರಗೆ ತನ್ನಿ. ಮನೆಯವರ ನಂಬರುಗಳನ್ನು ಮಾತ್ರ ಒಳಗೆ ಸೇರಿಸಿ, ಬೇರೆ ನಂಬರಿನಿಂದ ಕರೆ ಬಂದರೆ ಮೋಟಾರು ಏಳಬಾರದು. ಬಾವಿಯಲ್ಲಿ ನೀರಿಲ್ಲದಾಗ, ಒಂದು ಫೇಸ್ ಹೋದಾಗ ತಾನಾಗಿ ನಿಲ್ಲುವ ರಕ್ಷಣೆ ಇದೆಯೇ ಎಂದು ಕೂರಿಸಿದ ದಿನವೇ ಮಾಡಿ ತೋರಿಸಲು ಹೇಳಿ.

ಕೊನೆಯದು ಜೀವದ ವಿಷಯ. ದೂರದಿಂದ ಏಳುವ ಮೋಟಾರಿಗೆ, ಅದರ ಹತ್ತಿರ ಯಾರಿದ್ದಾರೆ ಎಂಬುದು ಕಾಣುವುದಿಲ್ಲ. ಫುಟ್‌ವಾಲ್ವಿನ ಕಸ ತೆಗೆಯಲು ಒಬ್ಬರು ಹೊಂಡಕ್ಕೆ ಇಳಿದಿರುತ್ತಾರೆ, ಅದೇ ಹೊತ್ತಿಗೆ ಬೆಂಗಳೂರಿನಿಂದ ಮಗಳು ‘ಇವತ್ತು ತೋಟಕ್ಕೆ ನೀರು ಬಿಟ್ಟಿಲ್ಲ’ ಎಂದು ನೆನಪಿಸಿಕೊಂಡು ಕರೆ ಮಾಡುತ್ತಾಳೆ. ಫೋನಿನಲ್ಲಿ ಆಫ್ ಮಾಡಿದ್ದೇವೆ ಎಂಬ ಧೈರ್ಯದ ಮೇಲೆ ಯಾರೂ ನೀರಿಗಿಳಿಯಬಾರದು. ಮೇನ್ ಸ್ವಿಚ್ ಕೆಳಗೆಳೆದು, ಫ್ಯೂಸಿನ ಮೂರೂ ಗ್ರಿಪ್ಪು ಕಿತ್ತು ಜೇಬಿಗೆ ಹಾಕಿಕೊಂಡೇ ಇಳಿಯಬೇಕು. ನಮ್ಮ ಪಂಪ್‌ಹೌಸಿನ ಬಾಗಿಲ ಮೇಲೆ ಇದನ್ನು ಕೆಂಪು ಪೇಂಟಿನಲ್ಲಿ ಬರೆಸಿದ್ದೇನೆ, ಕೆಲಸಕ್ಕೆ ಬರುವ ಹೊಸಬರಿಗೆ ಓದಿ ಹೇಳಿಯೇ ಒಳಗೆ ಬಿಡುವುದು.